ಐಸ್ ಹಾಕಿಯಲ್ಲಿ ಹೊಡೆದಾಟ ನಡೆಯುವಾಗ ರೆಫರಿಗಳು ನೋಡುತ್ತ ನಿಲ್ಲುವುದೇಕೆ?

ಪ್ರಶ್ನೆ: ನಿವೃತ್ತ ಅಂಪೈರ್, ಶಾಂತಿನಗರ

ಬೆಂಗಳೂರಿನ ಲೀಗ್ ಹಾಕಿ ಪಂದ್ಯಗಳಲ್ಲಿ ನಾನು 22 ವರ್ಷ ಅಂಪೈರ್ ಆಗಿದ್ದೆ. ಆಟಗಾರರು ಒಬ್ಬರ ಮೇಲೊಬ್ಬರು ಏರಿ ಹೋದ ಪಂದ್ಯಗಳನ್ನೂ ನಡೆಸಿದ್ದೇನೆ. ಹಸಿರು ಕಾರ್ಡಿಗೆ ಎರಡು ನಿಮಿಷ ಹೊರಗೆ, ಹಳದಿಗೆ ಕನಿಷ್ಠ ಐದು ನಿಮಿಷ, ಕೈ ಎತ್ತಿದವನಿಗೆ ನೇರವಾಗಿ ಕೆಂಪು ಎಂಬ ಲೆಕ್ಕ ನನಗೆ ನಿದ್ದೆಯಲ್ಲೂ ಬಾಯಿಪಾಠ.

ಕಳೆದ ಜನವರಿಯಲ್ಲಿ ಮಗನ ಮನೆಗೆಂದು ಡೆಟ್ರಾಯ್ಟಿಗೆ ಹೋಗಿದ್ದೆ. ಹಿಮ ಬಿದ್ದು ಹೊಸ್ತಿಲು ದಾಟಲಾಗದ ಒಂದು ಸಂಜೆ ಮಗ 1997ರ ಮಾರ್ಚ್ 26ರಂದು ಉತ್ತರ ಅಮೆರಿಕದ ವೃತ್ತಿಪರ ಐಸ್ ಹಾಕಿ ಲೀಗಿನ (ಎನ್‌ಎಚ್‌ಎಲ್) ಡೆಟ್ರಾಯ್ಟ್ ರೆಡ್ ವಿಂಗ್ಸ್ ಮತ್ತು ಕೊಲೊರಾಡೊ ಅವಲಾಂಚ್ ತಂಡಗಳ ನಡುವೆ ನಡೆದ ಪಂದ್ಯದ ಹಳೆಯ ದೃಶ್ಯಗಳನ್ನು ಹಾಕಿ ತೋರಿಸಿದ. ಡೆಟ್ರಾಯ್ಟಿನ ಡ್ಯಾರೆನ್ ಮೆಕಾರ್ಟಿ ಎಂಬಾತ ಕೊಲೊರಾಡೊದ ಕ್ಲಾಡ್ ಲೆಮ್ಯೂ ಮೇಲೆ ಎರಗಿ, ಅವನು ಮಂಡಿಯೂರಿ ತಲೆ ಮುಚ್ಚಿಕೊಂಡ ಮೇಲೂ ಗುದ್ದುತ್ತಲೇ ಇದ್ದ. ಅಷ್ಟರಲ್ಲಿ ಎರಡೂ ಕಡೆಯ ಗೋಲ್‌ಕೀಪರ್‌ಗಳು ತಮ್ಮ ಗೋಲು ಬಿಟ್ಟು ಬಂದು ಮೈದಾನದ ನಡುವೆ ಪರಸ್ಪರ ಹೊಡೆದಾಡತೊಡಗಿದರು. ಮಂಜುಗಡ್ಡೆಯ ಮೇಲೆ ರಕ್ತದ ಕಲೆ ಎದ್ದು ಕಾಣುತ್ತಿತ್ತು. ಇಷ್ಟೆಲ್ಲ ಆದ ಮೇಲೆ ಮೆಕಾರ್ಟಿ ಅದೇ ಪಂದ್ಯದಲ್ಲಿ ಮುಂದುವರಿದದ್ದಲ್ಲದೆ, ಹೆಚ್ಚುವರಿ ಅವಧಿಯಲ್ಲಿ ಗೆಲುವಿನ ಗೋಲನ್ನೂ ಹೊಡೆದ. ಡೆಟ್ರಾಯ್ಟ್ 6-5ರಿಂದ ಗೆದ್ದಿತು.

ಅವನನ್ನು ಅಂಗಣದಿಂದ ಆಚೆಗೆ ಕಳುಹಿಸಲಿಲ್ಲ ಏಕೆ ಎಂದು ನಾನು ಕೇಳಿದರೆ ಮಗನೂ ಅವನ ಸ್ನೇಹಿತರೂ ನನ್ನನ್ನು ಅಯ್ಯೋ ಪಾಪ ಎಂಬಂತೆ ನೋಡಿದರು. ಈ ಆಟವನ್ನು ಬಲ್ಲವರು ದಯವಿಟ್ಟು ತಿಳಿಸಿ: ಹೊಡೆದಾಟಕ್ಕೆ ಅಲ್ಲಿ ನಿಯಮವೇ ಇಲ್ಲವೇ? ತಂಡಗಳ ನಡುವಿನ ಹಗೆ ನಿಜವಾದದ್ದೇ, ಅಥವಾ ಟಿಕೆಟ್ ಮಾರಲು ಕಟ್ಟಿದ ಕೋಳಿ ಅಂಕವೇ?

ಉತ್ತರ 1: ಮಲ್ಲೇಶ್ವರದ ಓದುಗ

ಸರ್, ಕೆಲಸದ ಮೇಲೆ ಒಂಬತ್ತು ವರ್ಷ ಟೊರಾಂಟೊದಲ್ಲಿದ್ದು ಮರಳಿದ ಮೇಲೂ ಈ ಆಟದ ಗೀಳು ನನ್ನನ್ನು ಬಿಟ್ಟಿಲ್ಲ. ಅಲ್ಲಿ ರಾತ್ರಿ ಏಳಕ್ಕೆ ಶುರುವಾಗುವ ಪಂದ್ಯ ಚಳಿಗಾಲದಲ್ಲಿ ನಮಗೆ ಬೆಳಗಿನ ಐದೂವರೆಗೆ ಬರುತ್ತದೆ. ಹಾಲಿನ ಪ್ಯಾಕೆಟ್ ಬಾಗಿಲಿಗೆ ಬೀಳುವ ಹೊತ್ತಿಗೆ ನಾನು ಟಿವಿಯ ಮುಂದೆ ಕುಳಿತಿರುತ್ತೇನೆ.

ನಿಯಮ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಅದು ಹೊಡೆದಾಟವನ್ನು ನಿಷೇಧಿಸುವುದಿಲ್ಲ, ಅದಕ್ಕೊಂದು ಬೆಲೆ ಕಟ್ಟುತ್ತದೆ. ಇಬ್ಬರು ಕೈಗವಸು ಕೆಳಗೆ ಬಿಟ್ಟು ಹೊಡೆದಾಡಿದರೆ ಇಬ್ಬರಿಗೂ ಐದೈದು ನಿಮಿಷದ ಶಿಕ್ಷೆ. ಇಬ್ಬರೂ ಒಟ್ಟಿಗೆ ಹೊರಹೋಗುವುದರಿಂದ ಎರಡೂ ತಂಡಗಳು ಬದಲಿ ಆಟಗಾರರನ್ನು ಇಳಿಸಿ ಐವರಿಗೆ ಐವರಂತೆ ಆಟ ಮುಂದುವರಿಸುತ್ತವೆ. ಅಂದರೆ ಶಿಕ್ಷೆ ಆಟಗಾರನಿಗೆ ತಟ್ಟುತ್ತದೆ, ತಂಡಕ್ಕೆ ತಟ್ಟುವುದಿಲ್ಲ. ನಮ್ಮ ಹಾಕಿಯಲ್ಲಿ ಕಾರ್ಡ್ ಕಂಡವನ ತಂಡ ಒಬ್ಬನನ್ನು ಕಳೆದುಕೊಂಡು ಒದ್ದಾಡುವುದನ್ನು ತಾವು ನೋಡಿದ್ದೀರಿ. ಅಲ್ಲಿ ಆ ಒದ್ದಾಟವೇ ಇಲ್ಲ. ಈ ಪದ್ಧತಿ ಉಳಿದುಬಂದದ್ದಕ್ಕೆ ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ.

ಅದಕ್ಕೆ ಹಾಕಿದ ಬೇಲಿಗಳು ಒಂದೊಂದೂ ಒಂದೊಂದು ಗಲಾಟೆಯ ನಂತರ ಎದ್ದವು. ಇಬ್ಬರ ಜಗಳಕ್ಕೆ ಮೂರನೆಯವನು ನುಗ್ಗಿದರೆ ಪಂದ್ಯದಿಂದಲೇ ಹೊರಗೆ ಎಂಬುದು 1970ರ ದಶಕದ ಆರಂಭದ ನಿಯಮ. ಹೊಡೆದಾಡಲೆಂದು ಬೆಂಚಿನಿಂದ ಮೊದಲು ಇಳಿದವನಿಗೆ ಹತ್ತು ಪಂದ್ಯಗಳ ನಿಷೇಧ ಎಂಬುದು 1987ರಲ್ಲಿ ಬಂತು. ಆ ವರ್ಷ ಮಾಂಟ್ರಿಯಲ್ ಮತ್ತು ಫಿಲಡೆಲ್ಫಿಯಾ ತಂಡಗಳು ಪಂದ್ಯ ಶುರುವಾಗುವ ಮೊದಲೇ, ಅಭ್ಯಾಸದ ಹೊತ್ತಿನಲ್ಲಿ, ಒಬ್ಬ ರೆಫರಿಯೂ ಅಂಗಣದಲ್ಲಿಲ್ಲದಾಗ ಕಾದಾಡಿದ್ದವು. ಅಭ್ಯಾಸ ಮುಗಿಸಿ ಎದುರಾಳಿಯ ಖಾಲಿ ಗೋಲಿಗೆ ಚೆಂಡಿನ ಬದಲಿಗಿರುವ ಆ ರಬ್ಬರಿನ ಪಕ್ ಹೊಡೆದು ಕೆಣಕಿದವರಲ್ಲಿ ಒಬ್ಬ ಯಾರು ಗೊತ್ತೇ? ತಾವು ಕಂಡ ಇದೇ ಲೆಮ್ಯೂ. ಜಗಳವನ್ನು ತಾನೇ ಆರಂಭಿಸಿದವನಿಗೆ ಹೆಚ್ಚುವರಿ ಎರಡು ನಿಮಿಷ ಎಂಬ ನಿಯಮ 1992ರದು. ಈ ಎರಡು ನಿಮಿಷ ಮಾತ್ರ ತಂಡಕ್ಕೆ ನಿಜವಾಗಿ ಉರಿ ಹಚ್ಚುತ್ತದೆ, ಏಕೆಂದರೆ ಅಷ್ಟು ಹೊತ್ತು ಒಬ್ಬ ಕಡಿಮೆ.

ಇನ್ನು ಬಿಡಿಸದೆ ನಿಲ್ಲುವ ಮಾತು. ಬಿಡಿಸುವ ಕೆಲಸ ರೆಫರಿಯದಲ್ಲ, ಅವನ ಸಹಾಯಕರಾದ ಲೈನ್ಸ್‌ಮನ್‌ಗಳದು. ಕಾಲಿಗೆ ಹರಿತವಾದ ಅಲಗು, ಕೆಳಗೆ ಜಾರುವ ಮಂಜುಗಡ್ಡೆ. ಗುದ್ದಲು ಬೇಕಾದ ಊರುಗಾಲು ಸಿಗದ ಆಟಗಾರ ಎಡಗೈಯಲ್ಲಿ ಎದುರಾಳಿಯ ಅಂಗಿಯ ಕತ್ತಿನ ಪಟ್ಟಿಯನ್ನು ಬಿಗಿಹಿಡಿದು, ಆ ಹಿಡಿತವನ್ನೇ ಊರುಗೋಲು ಮಾಡಿಕೊಂಡು ಬಲಗೈ ಬೀಸುತ್ತಾನೆ. ಅಂಗಿಯನ್ನು ತಲೆಯ ಮೇಲೆ ಎಳೆದುಬಿಟ್ಟರೆ ಎದುರಾಳಿ ಕುರುಡ. ಆದ್ದರಿಂದ ಅಂಗಿಯನ್ನು ಹಿಂದೆ ಚಡ್ಡಿಗೆ ಪಟ್ಟಿಯಿಂದ ಕಟ್ಟಿರಲೇಬೇಕೆಂಬ ನಿಯಮವೂ ಇದೆ. ಇಂಥ ಸುಳಿಯೊಳಗೆ ಮೂರನೆಯವನು ಕೈ ಹಾಕಿ ಒಬ್ಬನ ತೋಳನ್ನು ಹಿಡಿದರೆ, ಹಿಡಿಸಿಕೊಂಡವನು ಸುಮ್ಮನೆ ಪೆಟ್ಟು ತಿನ್ನುತ್ತಾನೆ. ಹಾಗಾಗಿ ಒಬ್ಬ ಕೆಳಗೆ ಬೀಳುವವರೆಗೆ ಅಥವಾ ಇಬ್ಬರೂ ದಣಿಯುವವರೆಗೆ ಲೈನ್ಸ್‌ಮನ್‌ಗಳು ಒಂದೆರಡು ಮಾರು ದೂರದಲ್ಲಿ ಸುತ್ತುತ್ತ ಕಾದು, ಆ ಕ್ಷಣದಲ್ಲಿ ನುಗ್ಗುತ್ತಾರೆ.

ಮೆಕಾರ್ಟಿಗೆ ಅಂದು ಸಿಕ್ಕಿದ್ದು ಒರಟಾಟಕ್ಕೆಂದು ಎರಡೆರಡು ನಿಮಿಷದ ಎರಡು ಶಿಕ್ಷೆ, ಒಟ್ಟು ನಾಲ್ಕು ನಿಮಿಷ. ಅದು ತೀರಾ ಕಡಿಮೆಯಾಯಿತೆಂದು ಅಂದೂ ಕೂಗೆದ್ದಿತ್ತು. ನನ್ನ ತೀರ್ಮಾನದಲ್ಲಿ ತಮ್ಮ ಕೆಂಪು ಕಾರ್ಡೇ ಸರಿ.

ಉತ್ತರ 2: ಬಸವನಗುಡಿಯಿಂದ, ಇತಿಹಾಸದ ಉಪನ್ಯಾಸಕಿ

ಹಗೆ ನಿಜವೋ ಕಟ್ಟಿದ್ದೋ ಎಂಬ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ತಾವು ಕಂಡದ್ದು ಕಥೆಯ ಕೊನೆಯ ಅಧ್ಯಾಯ ಮಾತ್ರ.

ಕೊಲೊರಾಡೊ ತಂಡ 1995ರವರೆಗೆ ಕೆನಡಾದ ಕ್ವಿಬೆಕ್ ನಗರದಲ್ಲಿ ನಾರ್ಡಿಕ್ಸ್ ಎಂಬ ಹೆಸರಿನಲ್ಲಿತ್ತು. ಅದೇ ವರ್ಷದ ಡಿಸೆಂಬರ್ 2ರಂದು ಡೆಟ್ರಾಯ್ಟ್ ತಂಡ ಮಾಂಟ್ರಿಯಲ್ಲಿನಲ್ಲಿ 11-1ರಿಂದ ಗೆದ್ದಿತು. ಒಂಬತ್ತು ಗೋಲು ಬಿಟ್ಟುಕೊಡುವವರೆಗೂ ಒಳಗೇ ಉಳಿಸಿದ ಅವಮಾನಕ್ಕೆ ಕುದಿದುಹೋದ ಮಾಂಟ್ರಿಯಲ್ಲಿನ ಹೆಸರಾಂತ ಗೋಲ್‌ಕೀಪರ್ ಪ್ಯಾಟ್ರಿಕ್ ರುವಾ ಇನ್ನು ಈ ತಂಡಕ್ಕೆ ಆಡುವುದಿಲ್ಲವೆಂದು ಎದ್ದು ಹೋದ. ಕೆಲವೇ ದಿನಗಳಲ್ಲಿ ಅವನು ಸೇರಿದ್ದು ಕೊಲೊರಾಡೊವನ್ನು. ಆ ಋತುವಿನಲ್ಲಿ 82 ಪಂದ್ಯಗಳಲ್ಲಿ 62 ಗೆದ್ದಿದ್ದ ಡೆಟ್ರಾಯ್ಟನ್ನು 1996ರ ಮೇ ತಿಂಗಳಲ್ಲಿ ಮನೆಗೆ ಕಳಿಸಿದ್ದೂ ಅದೇ ಕೊಲೊರಾಡೊ, ಅದೇ ರುವಾ. ಸರಣಿಯ ಆರನೆಯ ಪಂದ್ಯದಲ್ಲಿ ಲೆಮ್ಯೂ ಹಿಂದಿನಿಂದ ಬಂದು ಕ್ರಿಸ್ ಡ್ರೇಪರ್ ಎಂಬ ಆಟಗಾರನನ್ನು ಅಂಗಣದ ಪಕ್ಕದ ಹಲಗೆಗೆ ಅಪ್ಪಳಿಸಿದ. ಡ್ರೇಪರನ ದವಡೆ, ಮೂಗು, ಕೆನ್ನೆಯ ಮೂಳೆ ಮುರಿದವು. ಲೆಮ್ಯೂಗೆ ಎರಡು ಪಂದ್ಯಗಳ ನಿಷೇಧವಾಯಿತು, ಅವನ ತಂಡ ಲೀಗಿನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ ಎತ್ತಿತು. ಆ ಎರಡು ಪಂದ್ಯಗಳ ಶಿಕ್ಷೆ ಸಾಲದೆಂದು ಡೆಟ್ರಾಯ್ಟಿಗರು ಹತ್ತು ತಿಂಗಳು ಒಳಗೊಳಗೇ ಬಡ್ಡಿ ಲೆಕ್ಕ ಹಾಕುತ್ತಿದ್ದರು. ಮೆಕಾರ್ಟಿ ಡ್ರೇಪರನ ಆಪ್ತ ಗೆಳೆಯ ಎಂಬುದನ್ನೂ ಸೇರಿಸಿಕೊಂಡರೆ ಆ ಮಾರ್ಚ್ 26 ತಾನಾಗಿ ಅರ್ಥವಾಗುತ್ತದೆ. ಮುಂದಿನ ನವೆಂಬರಿನಲ್ಲಿ ಡೆಟ್ರಾಯ್ಟಿಗೇ ಬಂದ ಲೆಮ್ಯೂ, ಪಂದ್ಯದ ಮೊದಲ ಕ್ಷಣಗಳಲ್ಲೇ ಮೆಕಾರ್ಟಿಯ ಎದುರು ನಿಂತು ಹೊಡೆದಾಡಿದ; ಹಿಂದಿನ ಸಲ ತಲೆ ಮುಚ್ಚಿಕೊಂಡ ಹೇಡಿ ಎಂಬ ಹೆಸರನ್ನು ತೊಳೆದುಕೊಳ್ಳಬೇಕಿತ್ತಲ್ಲ.

ಇದನ್ನು ಕೂತು ಬರೆದ ನಾಟಕ ಎನ್ನಲಾಗದು. ಆದರೆ ಹಗೆ ಬೆಳೆಯುವ ಮಣ್ಣನ್ನು ಲೀಗೇ ಹದ ಮಾಡುತ್ತದೆ. ನಾಕೌಟ್ ಹಂತದಲ್ಲಿ ಒಂದೇ ಎದುರಾಳಿಯೊಂದಿಗೆ ಏಳು ಪಂದ್ಯಗಳವರೆಗೆ, ಎರಡು ವಾರ ಅದೇ ಮುಖಗಳನ್ನು ನೋಡುತ್ತ ಆಡಬೇಕು. ಈ ಎರಡು ತಂಡಗಳು 1996ರಿಂದ 2002ರ ಒಳಗೆ ಐದು ಬಾರಿ ಹಾಗೆ ಎದುರಾದವು, ಆ ಏಳು ವರ್ಷಗಳ ಏಳು ಕಪ್‌ಗಳಲ್ಲಿ ಐದನ್ನು ತಾವೇ ಹಂಚಿಕೊಂಡವು.

ಇನ್ನೂ ಹಳೆಯ ಹಗೆಗಳಲ್ಲಿ ಭಾಷೆಯೂ ಸೇರಿಕೊಂಡಿತ್ತು. 1955ರ ಮಾರ್ಚಿನಲ್ಲಿ ಬಾಸ್ಟನ್ ತಂಡದ ವಿರುದ್ಧದ ಜಗಳದ ನಡುವೆ ಲೈನ್ಸ್‌ಮನ್ ಒಬ್ಬನಿಗೆ ಹೊಡೆದನೆಂದು ಫ್ರೆಂಚ್ ಭಾಷಿಕರ ಕಣ್ಮಣಿ ಮಾರಿಸ್ ರಿಷಾರ್‌ನನ್ನು ಲೀಗಿನ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ಋತುವಿನ ಉಳಿದ ಭಾಗದಿಂದಲೂ ನಾಕೌಟ್ ಪಂದ್ಯಗಳಿಂದಲೂ ಹೊರಗಿಟ್ಟ. ಮಾರ್ಚ್ 17ರಂದು ಕ್ಯಾಂಪ್‌ಬೆಲ್ ಮಾಂಟ್ರಿಯಲ್ಲಿನ ಪಂದ್ಯ ನೋಡಲು ಬಂದು ಕುಳಿತಾಗ ಅವನ ಮೇಲೆ ಕೈಗೆ ಸಿಕ್ಕಿದ್ದೆಲ್ಲ ತೂರಿಬಂತು, ಅಶ್ರುವಾಯು ಸಿಡಿಯಿತು, ಪಂದ್ಯ ನಿಂತಿತು, ಜನ ಬೀದಿಗಿಳಿದು ಅಂಗಡಿಗಳ ಗಾಜು ಒಡೆದರು. ಆಡಳಿತದ ಇಂಗ್ಲಿಷಿನ ಮುಂದೆ ಮನೆಮಾತಿನವರ ಅಭಿಮಾನ ಹೇಗೆ ಕೆರಳುತ್ತದೆಂದು ಬೆಂಗಳೂರಿನವರಿಗೆ ನಾನು ಬಿಡಿಸಿ ಹೇಳಬೇಕಿಲ್ಲ. ಮಾಂಟ್ರಿಯಲ್ ಮತ್ತು ಕ್ವಿಬೆಕ್ ತಂಡಗಳದು ಬೇರೆಯೇ ಬಗೆ, ಒಂದೇ ಭಾಷೆಯ ದಾಯಾದಿ ಕಲಹ. 1984ರ ಗುಡ್ ಫ್ರೈಡೇ ದಿನ ಎರಡು ಸುತ್ತು ಹೊಡೆದಾಡಿದ ಆ ತಂಡಗಳಲ್ಲಿ ಹಂಟರ್ ಸಹೋದರರು ಆ ಕಡೆ ಒಬ್ಬ, ಈ ಕಡೆ ಒಬ್ಬ ಇದ್ದರು.

ಉತ್ತರ 3: ಫಿಸಿಯೊಥೆರಪಿಸ್ಟ್, ಜೆ.ಪಿ. ನಗರ

ಮೇಲಿನ ಇಬ್ಬರೂ ಚೆನ್ನಾಗಿ ಬರೆದಿದ್ದಾರೆ, ಆದರೆ ಓದುವಾಗ ನನಗೆ ಇರಿಸುಮುರಿಸಾಯಿತು. ಆಟಗಾರರು ತಮ್ಮೊಳಗೇ ಲೆಕ್ಕ ತೀರಿಸಿಕೊಂಡರೆ ದೊಡ್ಡ ಅಪಾಯ ತಪ್ಪುತ್ತದೆ, ಕೋಲಿನಿಂದ ಹೊಡೆಯುವುದಕ್ಕಿಂತ ಮುಷ್ಟಿಯೇ ಮೇಲು ಎಂಬ ವಾದವನ್ನು ಈ ಆಟದ ಅಭಿಮಾನಿಗಳು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಅದು ಸುಳ್ಳೆಂದು ನಾನು ನಂಬಲು ಕಾರಣ 2004ರ ಒಂದು ಪ್ರಕರಣ.

ಫೆಬ್ರವರಿಯಲ್ಲಿ ಕೊಲೊರಾಡೊದ ಸ್ಟೀವ್ ಮೂರ್ ಎಂಬಾತ ವ್ಯಾಂಕೂವರ್ ತಂಡದ ನಾಯಕ ಮಾರ್ಕಸ್ ನ್ಯಾಸ್ಲಂಡ್‌ಗೆ ಡಿಕ್ಕಿ ಹೊಡೆದು ಗಾಯಗೊಳಿಸಿದ. ರೆಫರಿಗಳು ಶಿಕ್ಷೆ ಕೊಡಲಿಲ್ಲ. ಮಾರ್ಚ್ 8ರಂದು ತಂಡಗಳು ಮತ್ತೆ ಎದುರಾದಾಗ ಮೊದಲ ಅವಧಿಯಲ್ಲೇ ಮೂರ್ ವ್ಯಾಂಕೂವರಿನ ಮ್ಯಾಟ್ ಕುಕ್ ಜೊತೆ ಹೊಡೆದಾಡಿ ಐದು ನಿಮಿಷ ಕುಳಿತು ಬಂದ. ಅಭಿಮಾನಿಗಳು ಹೇಳುವ ಕಟ್ಟುಕಟ್ಟಳೆಯ ಪ್ರಕಾರ ಸಾಲ ಅಲ್ಲಿಗೆ ಚುಕ್ತಾ ಆಗಬೇಕಿತ್ತು. ಆಗಲಿಲ್ಲ. ಕೊನೆಯ ಅವಧಿಯಲ್ಲಿ ಟಾಡ್ ಬರ್ಟುಝಿ ಹಿಂದಿನಿಂದ ಬೆನ್ನಟ್ಟಿ ಅವನ ತಲೆಯ ಬದಿಗೆ ಗುದ್ದಿ, ಮೇಲೆ ಬಿದ್ದು ಮುಖವನ್ನು ಮಂಜುಗಡ್ಡೆಗೆ ಅಪ್ಪಳಿಸಿದ. ಮೂರ್‌ನ ಕತ್ತಿನ ಮೂರು ಮೂಳೆಗಳು ಮುರಿದವು. ಅವನು ಮತ್ತೆ ಆ ಲೀಗಿನಲ್ಲಿ ಆಡಲೇ ಇಲ್ಲ.

ಕತ್ತಿನ ಮೂಳೆ ಮುರಿದವರನ್ನು ನಾನು ವೃತ್ತಿಯಲ್ಲಿ ನೋಡಿದ್ದೇನೆ. ಶರ್ಟಿನ ಮೇಲಿನ ಗುಂಡಿ ಹಾಕಿಕೊಳ್ಳಲು ಗದ್ದ ಬಗ್ಗಿಸುವುದೇ ತಿಂಗಳುಗಟ್ಟಲೆ ಕೆಲಸವಾಗುತ್ತದೆ. ತಂಡದ ಪರವಾಗಿ ಗುದ್ದಾಡಲೆಂದೇ ಸಂಬಳ ಪಡೆಯುತ್ತಿದ್ದವರ ಗತಿಯನ್ನೂ ಮರೆಯಬಾರದು. ಡೆರೆಕ್ ಬೂಗಾರ್ಡ್ 2011ರಲ್ಲಿ ತೀರಿಕೊಂಡಾಗ ವಯಸ್ಸು 28. ಪದೇ ಪದೇ ತಲೆಗೆ ಪೆಟ್ಟು ಬಿದ್ದವರಲ್ಲಿ ಕಾಣುವ ಮೆದುಳಿನ ಸವಕಳಿಯ ರೋಗವನ್ನು ಸಾವಿನ ನಂತರದ ಪರೀಕ್ಷೆಯಲ್ಲಿ ಗುರುತಿಸಿದರು. ಒಲಿಂಪಿಕ್ಸಿನಲ್ಲಿ ಹೊಡೆದಾಡಿದವನು ಆ ಪಂದ್ಯದಿಂದಲೇ ಹೊರಗೆ. ಅದರಿಂದ ಅಲ್ಲಿನ ಐಸ್ ಹಾಕಿ ಸಪ್ಪೆಯಾಯಿತೆಂದು ಯಾರೂ ದೂರಿದ್ದಿಲ್ಲ.

ಉತ್ತರ 4: ಮಲ್ಲೇಶ್ವರದ ಓದುಗ

ಮೂರ್ ಪ್ರಕರಣದ ಬಗ್ಗೆ ತಾವು ಹೇಳಿದ್ದಕ್ಕೆ ನನ್ನಲ್ಲಿ ಉತ್ತರವಿಲ್ಲ, ಒಪ್ಪುತ್ತೇನೆ. ಗುದ್ದಾಡುವುದೇ ಕೆಲಸವಾಗಿದ್ದ ಆಟಗಾರರೂ ಈಗ ಹೆಚ್ಚುಕಡಿಮೆ ಕಾಣೆಯಾಗಿದ್ದಾರೆ. ಆಟದ ವೇಗ ಏರಿದಂತೆ, ಸ್ಕೇಟಿಂಗ್ ಬಾರದ ಪೈಲ್ವಾನನಿಗೆ ಜಾಗ ಕೊಡುವುದು ತಂಡಗಳಿಗೆ ದುಬಾರಿಯಾಯಿತು.

ಆದರೂ ಚಟ ಹೋಗಿಲ್ಲ. 2025ರ ಫೆಬ್ರವರಿ 15ರಂದು ಮಾಂಟ್ರಿಯಲ್ಲಿನಲ್ಲಿ ಕೆನಡಾ ಮತ್ತು ಅಮೆರಿಕ ತಂಡಗಳು ಆಡಿದಾಗ ಮೊದಲ ಒಂಬತ್ತು ಸೆಕೆಂಡುಗಳ ಆಟದಲ್ಲಿ ಮೂರು ಹೊಡೆದಾಟಗಳಾದವು. ಅವರಲ್ಲಿ ಇಬ್ಬರು ಅಮೆರಿಕದ ಟ್ಕಾಚಕ್ ಸಹೋದರರು, ಲೀಗಿನ ಒಳ್ಳೆಯ ಗೋಲುಗಾರರು. ಅಂದು ಅಮೆರಿಕ 3-1ರಿಂದ ಗೆದ್ದಿತು. ಐದು ದಿನಗಳ ನಂತರದ ಫೈನಲ್‌ನಲ್ಲಿ ಒಂದೇ ಒಂದು ಹೊಡೆದಾಟವೂ ಇಲ್ಲದೆ ಕೆನಡಾ ಹೆಚ್ಚುವರಿ ಅವಧಿಯಲ್ಲಿ 3-2ರಿಂದ ಗೆದ್ದಿತು. ನನಗೆ ಇಷ್ಟವಾದದ್ದು ಎರಡನೆಯ ಪಂದ್ಯ, ಆದರೆ ಕಚೇರಿಯಲ್ಲಿ ಎಲ್ಲರೂ ಕೇಳಿದ್ದು ಮೊದಲನೆಯದರ ಬಗ್ಗೆ.

ಮೂಲ ಪ್ರಶ್ನೆ ಕೇಳಿದವರು: ನಿವೃತ್ತ ಅಂಪೈರ್, ಶಾಂತಿನಗರ

ಎಲ್ಲರಿಗೂ ವಂದನೆಗಳು. 2023ರ ಮಾರ್ಚಿನಲ್ಲಿ ನಮ್ಮ ಕಂಠೀರವ ಕ್ರೀಡಾಂಗಣದಲ್ಲಿ ಸುನಿಲ್ ಛೆಟ್ರಿ ಹೊಡೆದ ಫ್ರೀ ಕಿಕ್ ಗೋಲನ್ನು ರೆಫರಿ ಮಾನ್ಯ ಮಾಡಿದ್ದಕ್ಕೆ ಸಿಟ್ಟಾಗಿ ಕೇರಳ ಬ್ಲಾಸ್ಟರ್ಸ್ ತಂಡ ಮೈದಾನ ಬಿಟ್ಟೇ ಹೋದದ್ದು, ಅದಕ್ಕೆ ನಾಲ್ಕು ಕೋಟಿ ರೂಪಾಯಿ ದಂಡ ಬಿದ್ದದ್ದು ನೆನಪಾಯಿತು. ಒಂದು ಗುದ್ದೂ ಬೀಳದ ಪ್ರತಿಭಟನೆಗೆ ಅಷ್ಟು ದಂಡ, ಮಂಡಿಯೂರಿದವನನ್ನು ಗುದ್ದಿದ್ದಕ್ಕೆ ನಾಲ್ಕು ನಿಮಿಷ! ರೆಫರಿಯ ಅಧಿಕಾರವನ್ನು ಪ್ರಶ್ನಿಸಿದ್ದಕ್ಕೆ ಒಂದು ತೂಕ, ಆಟಗಾರನ ಮೈಗೆ ಆದ ಪೆಟ್ಟಿಗೆ ಇನ್ನೊಂದು ತೂಕ ಎಂದು ನನಗೆ ತೋರುತ್ತದೆ, ಅದೂ ಎರಡು ಬೇರೆ ದೇಶ, ಬೇರೆ ಆಟಗಳಲ್ಲಿ.

ಲೈನ್ಸ್‌ಮನ್‌ಗಳ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಬದಲಾಗಿದೆ. ಅವರು ಹೆದರಿ ನಿಂತಿದ್ದರೆಂದು ಭಾವಿಸಿದ್ದೆ. ನಿನ್ನೆ ರಾತ್ರಿ ಮಗ ಇಂಥ ಇನ್ನಷ್ಟು ಹೊಡೆದಾಟಗಳ ದೃಶ್ಯಗಳನ್ನು ಕಳುಹಿಸಿದ್ದ. ಆಟಗಾರರನ್ನು ಬಿಟ್ಟು ಪಟ್ಟೆ ಅಂಗಿಯವರನ್ನೇ ನೋಡುತ್ತ ಹೋದೆ. ಒಂದರಲ್ಲಿ ಇಬ್ಬರನ್ನೂ ಬಿಡಿಸಿ ಶಿಕ್ಷೆಯ ಪೆಟ್ಟಿಗೆಯತ್ತ ಸಾಗಿಸಿದ ಮೇಲೆ ಒಬ್ಬ ಲೈನ್ಸ್‌ಮನ್ ಮರಳಿ ಬಂದು, ಮಂಜುಗಡ್ಡೆಯ ಮೇಲೆ ಚೆಲ್ಲಾಡಿದ್ದ ಕೈಗವಸುಗಳನ್ನೂ ಕೋಲುಗಳನ್ನೂ ಬಗ್ಗಿ ಬಗ್ಗಿ ಆರಿಸಿ, ಯಾರದು ಯಾವುದೆಂದು ನೋಡಿ, ಆಯಾ ತಂಡದ ಬೆಂಚಿಗೆ ಕೊಟ್ಟು ಬಂದ.