ದಪ್ಪ ಚಾಕುವನ್ನು ತೆಳ್ಳಗೆ ಉಜ್ಜಿಸಬಹುದಾ? ಹರಿತ ಇದೆ, ಆದರೂ ತರಕಾರಿ ಸೀಳುತ್ತದೆ

ತೋಟದಮನೆ

ಸಾಗರದ ಹತ್ತಿರ ನಮ್ಮೂರಿನ ಕಮ್ಮಾರರಿಗೆ ಹೇಳಿ ಅಡುಗೆಮನೆಗೆ ಅಂತ ಒಂದು ಚಾಕು ಮಾಡಿಸಿದ್ದೇನೆ. ಲಾರಿಯ ಸ್ಪ್ರಿಂಗ್ ಪಟ್ಟಿ ಬಡಿದು ಮಾಡಿದ್ದು. ಹಿಡಿಗೆ ಅಟ್ಟದಲ್ಲಿದ್ದ ಹಳೇ ಬೀಟೆ ತುಂಡು ನಾನೇ ಕೊಟ್ಟೆ. ನೋಡಲು ತುಂಬ ಚೆನ್ನಾಗಿದೆ. ಬೆನ್ನಿನ ಹತ್ತಿರ ಸುತ್ತಿಗೆ ಪೆಟ್ಟಿನ ಗುರುತು ಹಾಗೇ ಇವೆ.

ಹರಿತಕ್ಕೇನೂ ಕೊರತೆ ಇಲ್ಲ, ಕೈಮೇಲಿನ ಕೂದಲು ಹೋಗುತ್ತದೆ. ಟೊಮೆಟೊ ಸಿಪ್ಪೆಗೆ ಸಲೀಸಾಗಿ ಇಳಿಯುತ್ತದೆ. ಆದರೆ ಕ್ಯಾರೆಟ್ಟಿಗೆ ಹಾಕಿದರೆ ಅರ್ಧ ಇಳಿಯುವಷ್ಟರಲ್ಲಿ ಟಕ್ ಅಂತ ಸೀಳಿ ಬಿಲ್ಲೆ ಆ ಕಡೆ ಹಾರುತ್ತದೆ. ಸಿಹಿಗುಂಬಳದಲ್ಲಂತೂ ನಡುವೆ ಸಿಕ್ಕಿಕೊಂಡು ಕಾಯಿ ಸಮೇತ ಮೇಲೆ ಬರುತ್ತದೆ. ಅಮ್ಮ ಸ್ವಲ್ಪ ದಿನ ನೋಡಿ ಮತ್ತೆ ಮೆಟ್ಟುಗತ್ತಿಗೇ (ಈಳಿಗೆಮಣೆಗೇ) ಹೋದರು.

ಐಟಿಐ ಓದುವ ತಮ್ಮನ ವರ್ನಿಯರ್ ಹಿಡಿದು ಅಳೆದೆ. ಅಲಗಿನ ಉದ್ದ 200 ಮಿ.ಮೀ, ಅಗಲ 45. ಬೆನ್ನು 5 ಮಿ.ಮೀ ದಪ್ಪ. ಇಳಿಜಾರು ಶುರುವಾಗುವುದೇ ಬಾಯಿಯಿಂದ 15 ಮಿ.ಮೀ ಮೇಲೆ, ಬೆನ್ನಿನಿಂದ ಅಲ್ಲಿವರೆಗೂ ಪೂರ್ತಿ 5. ಬಾಯಿಯ ಸಾಣೆಗೆರೆಯ (ಸಾಣೆ ಹಿಡಿದ ಸಣ್ಣ ಅಂಚಿನ) ಹಿಂದೆ ದಪ್ಪ 0.9 ಮಿ.ಮೀ. ಒಟ್ಟು ತೂಕ 420 ಗ್ರಾಂ.

ಇದನ್ನು ತೆಳ್ಳಗೆ ಮಾಡಿಸಬಹುದಾ? ಉಕ್ಕಿನ ಹದ (ಕಾಸಿ ತಣಿಸಿ ಕೊಟ್ಟ ಗಟ್ಟಿತನ) ಹೋಗುತ್ತದಾ? ಸುತ್ತಿಗೆ ಗುರುತು ಉಳಿದರೆ ಇನ್ನೂ ಒಳ್ಳೆಯದು.

ಬೆಣಚುಕಲ್ಲು

1000 ನಂಬರ್ ಸಾಣೆಕಲ್ಲಿನಲ್ಲಿ ಬಾಯಿಯ ಕೋನ ಇನ್ನೂ ಇಳಿಸಿ ನೋಡಿ. ಒಂದೊಂದು ಕಡೆ 12 ಡಿಗ್ರಿ ಮಾಡಿದರೆ ಸರಿಹೋಗಬಹುದು. ಇಷ್ಟಕ್ಕೆಲ್ಲ ಗ್ರೈಂಡರ್ ಯಾಕೆ?

ಕಿಡಿ

ಬೆಣಚುಕಲ್ಲು ಅವರೇ, ಈ ಚಾಕುವಿಗೆ ಅದರಿಂದ ಏನೂ ಆಗುವುದಿಲ್ಲ. ನಾನು ಪೀಣ್ಯದಲ್ಲಿ ಟೂಲ್ ರೂಮ್ ಕೆಲಸದವನು, ಸಂಜೆ ಹೊತ್ತು ಚಾಕು ಉಜ್ಜುವ ಹುಚ್ಚು. ನನ್ನ ಹತ್ತಿರ ಬರುವ ಊರ ಚಾಕುಗಳಲ್ಲಿ ಮುಕ್ಕಾಲು ಪಾಲಿಗೆ ಇದೇ ಕಾಯಿಲೆ.

ತೋಟದಮನೆ ಅವರ ಅಳತೆಯಲ್ಲೇ ಉತ್ತರ ಇದೆ. 15 ಮಿ.ಮೀ ಒಳಗೆ ದಪ್ಪ 0.9ರಿಂದ 5ಕ್ಕೆ ಏರುತ್ತದೆ. ಅಂದರೆ ಬಾಯಿಯಿಂದ ಬರೀ 10 ಮಿ.ಮೀ ಮೇಲೆ ಆಗಲೇ 3.6 ಮಿ.ಮೀ. ಬಾಯಿ ಎಷ್ಟೇ ಹರಿತ ಇರಲಿ, ಅದರ ಹಿಂದೆ ಬರುವುದು ಸೌದೆ ಸೀಳುವ ಬೆಣೆ. ಟೊಮೆಟೊ ಮೆತ್ತಗೆ, ಪಕ್ಕಕ್ಕೆ ಸರಿದು ಜಾಗ ಬಿಡುತ್ತದೆ. ಕ್ಯಾರೆಟ್ ಸರಿಯುವುದಿಲ್ಲ, ಸೀಳುತ್ತದೆ. ಬಾಯಿಯ ಕೋನ ಇಳಿಸಿದರೆ ಮೊದಲ ಒಂದೆರಡು ಮಿ.ಮೀ ಮಾತ್ರ ಬದಲಾಗುತ್ತದೆ, ಮೇಲಿನ ದಪ್ಪ ಎಲ್ಲಿ ಹೋಯಿತು?

ಈಗ ಇಳಿಜಾರನ್ನು ಬೆನ್ನಿನವರೆಗೂ, ಅಂದರೆ ಪೂರ್ತಿ 45 ಮಿ.ಮೀ ಎಳೆದು, ಬಾಯಿಯ ಹಿಂದೆ 0.4ಕ್ಕೆ ತಂದರೆ ಅದೇ 10 ಮಿ.ಮೀ ಎತ್ತರದಲ್ಲಿ 1.4 ಬರುತ್ತದೆ. ಅರ್ಧಕ್ಕಿಂತ ಎಷ್ಟೋ ಕಮ್ಮಿ. ತೂಕವೂ ನೂರು ಗ್ರಾಂ ಹತ್ತಿರ ಇಳಿಯುತ್ತದೆ. ಆದರೆ ಸುತ್ತಿಗೆ ಗುರುತು ಹೋಗುತ್ತದೆ. ಗುರುತು ಬೇಕೇ ಬೇಕು ಅಂದರೆ ಮೇಲಿನ 10 ಮಿ.ಮೀ ಮುಟ್ಟದೆ ಕೆಳಗಿನ 35 ಮಾತ್ರ ಉಜ್ಜಿಸಿ. ಆಗ 10 ಮಿ.ಮೀ ಎತ್ತರದಲ್ಲಿ 1.7. ಪರವಾಗಿಲ್ಲ, ಒಳ್ಳೆಯ ರಾಜಿ. ದಪ್ಪ ಕುಂಬಳದ ಹೋಳಿಗೆ ಮಾತ್ರ ಇಳಿಜಾರು ಶುರುವಾಗುವ ಆ ಮೇಲಿನ ಭುಜ ಸ್ವಲ್ಪ ತಡೆಯುತ್ತದೆ.

ಉಜ್ಜುವ ಮೊದಲು ಒಂದು ಪರೀಕ್ಷೆ. ಹೊಸ ಅರ (ಫೈಲ್) ತೆಗೆದುಕೊಂಡು ಬಾಯಿಯ ಪಕ್ಕ ಮೆಲ್ಲಗೆ ಎಳೆಯಿರಿ. ಜಾರಿದರೆ ಹದ ಇದೆ. ಬೆಣ್ಣೆ ಹಾಗೆ ಕಚ್ಚಿ ಪುಡಿ ಬಂದರೆ ಹದವೇ ಆಗಿಲ್ಲ. ಅಂಥದ್ದನ್ನು ತೆಳ್ಳಗೆ ಮಾಡಿದರೆ ಬಾಯಿ ಮಡಚಿಕೊಳ್ಳುತ್ತದೆ, ಸುಮ್ನೆ ದಂಡ. ಬೆನ್ನಿನ ಹತ್ತಿರ ಕಚ್ಚಿದರೆ ಗಾಬರಿ ಬೇಡ. ನಮ್ಮ ಕಡೆ ಎಷ್ಟೋ ಕಮ್ಮಾರರು ಬಾಯಿಗೆ ಮಾತ್ರ ಹದ ಕೊಡುತ್ತಾರೆ.

ಹದ ಹೋಗುವುದು ಬಿಸಿಯಿಂದ. ಇಂಥ ಉಕ್ಕಿನ ಚಾಕುವನ್ನು ಸಾಮಾನ್ಯವಾಗಿ 200 ಡಿಗ್ರಿ ಆಸುಪಾಸಿನಲ್ಲಿ ಹದಕ್ಕೆ ತಂದಿರುತ್ತಾರೆ. ಉಜ್ಜುವಾಗ ಬಾಯಿಯಲ್ಲಿ ನೀಲಿ ಬಣ್ಣ ಕಂಡಿತು ಅಂದರೆ ಅಲ್ಲಿ 300 ಹತ್ತಿರ ಹೋಗಿದೆ, ಆ ಜಾಗ ಮೆತ್ತಗಾಗಿದೆ. ನೀಲಿಯನ್ನು ಎಮರಿ ಹಾಕಿ ಅಳಿಸಿಬಿಟ್ಟರೆ ಬಣ್ಣ ಹೋಗುತ್ತದೆ ಅಷ್ಟೇ, ಹದ ವಾಪಸ್ ಬರುವುದಿಲ್ಲ. ಆದ್ದರಿಂದ ಒಣ ಎಮರಿ ಚಕ್ರದ ಅಂಗಡಿಗೆ ಕೊಡಬೇಡಿ. ಆಂಗಲ್ ಗ್ರೈಂಡರ್ ಇರುವ ವೆಲ್ಡಿಂಗ್ ಅಂಗಡಿಗಂತೂ ಬೇಡವೇ ಬೇಡ. ಬೆಲ್ಟ್ ಗ್ರೈಂಡರ್ ಇರುವವರನ್ನು ಹುಡುಕಿ. ಹೊಸ 60 ನಂಬರ್ ಬೆಲ್ಟಿನಲ್ಲಿ ಶುರು, ಆಮೇಲೆ 120, 220, 400. ಹಳೇ ಬೆಲ್ಟು ಕತ್ತರಿಸುವುದಕ್ಕಿಂತ ಬಿಸಿ ಮಾಡುವುದೇ ಜಾಸ್ತಿ. ಬೆಲ್ಟಿನಲ್ಲಿ ಜುಗ್ಗತನ ಮಾಡುವವರ ಕೈಗೆ ಚಾಕು ಕೊಡಬಾರದು ಅನ್ನುವುದು ನನ್ನ ನಿಯಮ.

ನಾನು ಬರಿಗೈಯಲ್ಲೇ ಹಿಡಿದು ಉಜ್ಜುತ್ತೇನೆ. ಬೆರಳಿಗೆ ಬಿಸಿ ತಕ್ಷಣ ಗೊತ್ತಾಗಬೇಕು, ಕೈಗವಸು ಬೆಲ್ಟಿಗೆ ಸಿಕ್ಕಿಕೊಳ್ಳಲೂಬಾರದು. ಒಂದೊಂದು ಎಳೆತಕ್ಕೂ ಬಕೆಟ್ ನೀರಿಗೆ ಅದ್ದುತ್ತೇನೆ. ಅಲಗಿನ ಮೇಲೆ ನೀರಿನ ಪಸೆ ಇರುವವರೆಗೆ ಅಲ್ಲಿ 100 ಡಿಗ್ರಿ ದಾಟಿಲ್ಲ ಅಂತ ನಂಬಬಹುದು. ಮಾಸ್ಕ್, ಕನ್ನಡಕ ಇಲ್ಲದೆ ಹತ್ತಿರ ನಿಲ್ಲಬೇಡಿ.

ಕಾಫಿತೋಟ, ಸೋಮವಾರಪೇಟೆ

ಎಲ್ಲರೂ ಸೇರಿ ಒಳ್ಳೆಯ ಕತ್ತಿ ಹಾಳು ಮಾಡುವ ಹಾಗಿದೆ. ಊರ ಕಮ್ಮಾರರ ಕೈ ಕಡಿಯುವ ಕತ್ತಿಗೆ ಪಳಗಿದ ಕೈ. ನಮ್ಮ ಕೊಡಗಿನ ಒಡಿಕತ್ತಿ ನೋಡಿ, ಒಂದೇ ಏಟಿಗೆ ಬಾಳೆ ದಿಂಡು ತುಂಡಾಗಬೇಕಾದರೆ ತೂಕ ಬೇಕು. ಇದನ್ನು ತೆಂಗಿನಕಾಯಿ, ಹಲಸು, ಕೋಳಿ ಮೂಳೆಗೆ ಅಂತ ಇಟ್ಟುಕೊಳ್ಳಿ. ತರಕಾರಿಗೆ 2 ಮಿ.ಮೀ ಬೆನ್ನಿನ ಇನ್ನೊಂದು ಚಾಕು ತಂದರೆ ಮುಗಿಯಿತು. ಖರ್ಚೂ ಕಮ್ಮಿ.

ತೋಟದಮನೆ

ಅರ ಎಳೆದು ನೋಡಿದೆ. ಬಾಯಿಯ ಪಕ್ಕ ಜಾರುತ್ತದೆ, ಬೆನ್ನಿಗೆ ಚೆನ್ನಾಗಿ ಕಚ್ಚುತ್ತದೆ. ಕಮ್ಮಾರರನ್ನೂ ಕೇಳಿದೆ. "ತೆಳ್ಳಗೆ ಮಾಡಿಕೊಟ್ಟರೆ ನೀವು ತೆಂಗಿನಕಾಯಿ ಒಡೆದು, ಬಾಯಿ ಹೋಯ್ತು ಅಂತ ಮುಂದಿನ ವಾರ ತರ್ತೀರಿ, ಅದಕ್ಕೇ ದಪ್ಪ ಬಿಟ್ಟಿದ್ದು" ಅಂದರು. ಅವರ ಅನುಭವ ಅದು, ಬೇಜಾರಿಲ್ಲ.

ಕಾಫಿತೋಟ ಅವರೇ, ಕಡಿಯಲು ಕತ್ತಿಗಳು ಮನೆಯಲ್ಲಿ ಬೇಕಾದಷ್ಟಿವೆ. ಬೀಟೆ ಹಿಡಿಯ ಈ ಚಾಕುವನ್ನೇ ದಿನಾ ಕೈಯಲ್ಲಿ ಹಿಡಿಯಬೇಕು ಅನ್ನುವ ಆಸೆ ನನ್ನದು.

ಇಲ್ಲಿ ಸುತ್ತಮುತ್ತ ಬೆಲ್ಟ್ ಗ್ರೈಂಡರ್ ಯಾರ ಹತ್ತಿರವೂ ಇಲ್ಲ. ಮನೆಯಲ್ಲೇ ಕೈಯಿಂದ ಆಗುತ್ತದಾ ಕಿಡಿ ಅಣ್ಣ?

ಕಿಡಿ

ಕಮ್ಮಾರರು ಹೇಳಿದ್ದು ನೂರಕ್ಕೆ ನೂರು ಸರಿ. ಕಾಫಿತೋಟ ಅವರ ಮಾತಿನಲ್ಲೂ ಅರ್ಧ ಒಪ್ಪುತ್ತೇನೆ. 0.4ಕ್ಕೆ ಇಳಿಸಿದ ಮೇಲೆ ಈ ಚಾಕು ತೆಂಗಿನ ಚಿಪ್ಪು, ಮೂಳೆ ಯಾವುದನ್ನೂ ಮುಟ್ಟಬಾರದು. ಮನೆಯಲ್ಲಿ ಎಲ್ಲರಿಗೂ ಹೇಳಿಡಿ. ಯಾರಾದರೂ ಕೇಳುವುದಿಲ್ಲ ಅನ್ನುವ ಅನುಮಾನ ಇದ್ದರೆ 0.6ಕ್ಕೆ ನಿಲ್ಲಿಸಿ.

ಕೈಯಿಂದ ಆಗುತ್ತದೆ, ಆದರೆ ತಾಳ್ಮೆ ಬೇಕು. ಗುರುತು ಉಳಿಸಿ ಕೆಳಗಿನ 35 ಮಾತ್ರ ಉಜ್ಜಿದರೂ ನೀವು ತೆಗೆಯಬೇಕಾದ್ದು ಸುಮಾರು 80 ಗ್ರಾಂ ಉಕ್ಕು, ಅದೂ ಕೆಳಗಡೆ ಗಟ್ಟಿ ಉಕ್ಕು. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಗ್ರಾನೈಟ್ ತುಂಡು ಇದ್ದರೆ ಅದರ ಮೇಲೆ 80 ನಂಬರ್ ಎಮರಿ ಬಟ್ಟೆ ಬಿಗಿಯಾಗಿ ಕೂರಿಸಿ, ನೀರು ಹಾಕುತ್ತಾ ಉಜ್ಜಿ. ಬಟ್ಟೆ ನೀರಿಗೆ ತಡೆಯುವಂಥದ್ದಿರಬೇಕು. ಒರಟು ಡೈಮಂಡ್ ಪ್ಲೇಟ್ ಸಿಕ್ಕರೆ ಇನ್ನೂ ಬೇಗ. ಬೆನ್ನಿನ ಕಡೆ ಮೆತ್ತಗಿದೆ ಅಂದಿರಲ್ಲ, ಅದು ನಿಮ್ಮ ಅದೃಷ್ಟ. ಆ ಭಾಗದ ದಪ್ಪವನ್ನು ಅರದಲ್ಲೇ ಇಳಿಸಬಹುದು. ಅಲಗನ್ನು ಮರದ ಹಲಗೆಗೆ ಕ್ಲಾಂಪ್ ಹಾಕಿ ಬಿಗಿದು, ಬಾಯಿಗೆ ಟೇಪ್ ಸುತ್ತಿ. ಹಿಡಿಗೂ ಸುತ್ತಿ, ಬೀಟೆಯ ಸಂದಿಗೆ ಉಕ್ಕಿನ ಪುಡಿ ಹೋದರೆ ಆಮೇಲೆ ತುಕ್ಕಿನ ಕಲೆ ಬರುತ್ತದೆ.

ಎರಡೂ ಬದಿಗೆ ಮಾರ್ಕರ್ ಪೆನ್ ಬಳಿದುಕೊಳ್ಳಿ. ಮಸಿ ಎಲ್ಲಿ ಹೋಯಿತೋ ಅಲ್ಲಿ ಉಜ್ಜುತ್ತಿದ್ದೀರಿ ಅಂತ ಅರ್ಥ. ಒಂದು ಬದಿ ಸ್ವಲ್ಪ, ಇನ್ನೊಂದು ಬದಿ ಸ್ವಲ್ಪ, ಹೀಗೆ ತಿರುಗಿಸುತ್ತಾ ಹೋಗಿ. ಒಂದೇ ಬದಿ ಪೂರ್ತಿ ಮುಗಿಸಿದರೆ ಬಾಯಿ ನಡುಗೆರೆ ಬಿಟ್ಟು ಪಕ್ಕಕ್ಕೆ ಹೋಗುತ್ತದೆ. ಬದಿಯಿಂದಲೇ ತೆಗೆಯಿರಿ, ಬಾಯಿಯ ಕಡೆಯಿಂದ ಅಗಲ ಕಮ್ಮಿ ಮಾಡಬೇಡಿ. ಹದ ಇರುವುದೇ ಅಲ್ಲಿ.

ಇನ್ನೊಂದು. ಬದಿಯನ್ನು ಕನ್ನಡಿಯ ಹಾಗೆ ಚಪ್ಪಟೆ ಮಾಡಬೇಡಿ. ಆಲೂಗಡ್ಡೆ, ಸೌತೆ ಬಿಲ್ಲೆ ಅದಕ್ಕೆ ಅಂಟಿಕೊಂಡು ಬೀಳುವುದೇ ಇಲ್ಲ. ಬಾಯಿಯ ಕಡೆಗೆ ತುಸು ಉಬ್ಬಿದ ಹಾಗೆ ದುಂಡಗೆ ಇಳಿಸಿದರೆ ಬಿಲ್ಲೆ ತಾನೇ ಬಿಡುತ್ತದೆ, ಬಾಯಿಗೂ ಬಲ.

ಕೊನೆಗೆ 1000 ಕಲ್ಲಿನಲ್ಲಿ ಬಾಯಿ ಹರಿತ ಮಾಡಿ, ಒಂದೊಂದು ಬದಿ 15 ಡಿಗ್ರಿ ಸಾಕು. 45 ಮಿ.ಮೀ ಅಗಲದ ಅಲಗಿಗೆ ಅದು ಬೆನ್ನಿನ ನಡುವನ್ನು ಕಲ್ಲಿನಿಂದ 11-12 ಮಿ.ಮೀ ಎತ್ತಿ ಹಿಡಿದ ಹಾಗೆ. ಬೆಣಚುಕಲ್ಲು ಅವರ ಸಲಹೆ ಕೆಲಸಕ್ಕೆ ಬರುವುದು ಈಗ.

ಕುಲುಮೆಯಲ್ಲಿ ಕೂತ ಕರಿ ಪದರ ಹೋಗಿ ಹೊಸ ಉಕ್ಕು ಬಯಲಾಗಿರುತ್ತದೆ. ನಿಮ್ಮ ಕಡೆಯ ಮಳೆಗಾಲದಲ್ಲಿ ರಾತ್ರಿ ಕಳೆಯುವುದರೊಳಗೆ ತುಕ್ಕು. ತೊಳೆದ ತಕ್ಷಣ ಒರೆಸಿ ತೆಂಗಿನೆಣ್ಣೆ ಸವರಿ. ಮಾವಿನಕಾಯಿ ಹೆಚ್ಚಿದ ಮೇಲೆ ಕಪ್ಪಾದರೆ ಉಜ್ಜಿ ತೆಗೆಯಬೇಡಿ, ಅದು ಇರಲಿ.

ಶುರು ಮಾಡುವ ಮೊದಲು ತುದಿಯಿಂದ ಒಂದಿಂಚು ಹಿಂದೆ ಬೆನ್ನಿನ ದಪ್ಪ ಎಷ್ಟಿದೆ ಅಳೆದು ಹಾಕಿ. ಅಲ್ಲೂ 5 ಇದ್ದರೆ ತುದಿಯ ಕಡೆಗೆ ಬೇರೆಯೇ ಲೆಕ್ಕ ಹಾಕಬೇಕಾಗುತ್ತದೆ.