ಸೇವೆಯಲ್ಲಿ ತಗ್ಗಿ ನಡೆಯೋದು ಹೇಗೆ? ನಿಮ್ಮ ಅನುಭವ ಹೇಳಿ

ಪ್ರಶ್ನೆ:
ಕರ್ತನಲ್ಲಿ ವಂದನೆಗಳು. 6 ವರ್ಷದಿಂದ ನಮ್ಮ ಚರ್ಚ್ ಸಭೆಯಲ್ಲಿ ಹಾಡು ನಡೆಸುತ್ತಿದ್ದೇನೆ. ಹೊಸದಾಗಿ ಬಂದ ಒಬ್ಬ ತಮ್ಮ, 'ಅಣ್ಣಾ, ಶ್ರುತಿ ಜಾಸ್ತಿ ಮೇಲಿದೆ, ವಯಸ್ಸಾದವರಿಗೆ ಹಾಡೋಕೆ ಆಗ್ತಿಲ್ಲ' ಅಂದ. ಮಾತು ಸರಿಯೇ. ಆದರೂ ಅವತ್ತಿನಿಂದ ಅವನ ಮುಖ ನೋಡಿದರೆ ಒಳಗೆ ಏನೋ ಚುಚ್ಚುತ್ತದೆ. ದೇವರ ಸೇವೆ ಮಾಡುವವನಿಗೆ ಹೀಗಾಗಬಾರದು ಅಲ್ವಾ? ನೀವು ಇದನ್ನು ಹೇಗೆ ದಾಟಿದಿರಿ?

ಸಂಡೇ ಸ್ಕೂಲ್ ಟೀಚರ್ ಒಬ್ಬರು:
ಅಣ್ಣಾ, ನನಗೂ ಚುಚ್ಚಿತ್ತು. 11 ವರ್ಷ ಸಂಡೇ ಸ್ಕೂಲ್ ನಡೆಸಿದವಳು ನಾನು. ಸಹಾಯಕ್ಕೆ ಬಂದಿದ್ದ ಕಾಲೇಜು ಹುಡುಗಿ ಒಂದು ದಿನ, 'ಅಕ್ಕಾ, ಆ ಹುಡುಗನಿಗೆ ಓದೋಕೆ ಬರಲ್ಲ. ನೀವು ಪ್ರತಿ ವಾರ ಎಲ್ಲರ ಮುಂದೆ ಅವನ ಹತ್ರ ಬೈಬಲ್ ವಚನ ಓದಿಸ್ತೀರಿ' ಅಂದಳು. ನಿನ್ನೆ ಮೊನ್ನೆ ಬಂದವಳು ನನಗೆ ಹೇಳಿಕೊಡ್ತಾಳಾ ಅಂತ ಸಿಟ್ಟು ಬಂತು. ಮುಂದಿನ ಭಾನುವಾರ ಸುಮ್ನೆ ಅವನ ಕೈ ನೋಡಿದೆ. ಬೆರಳು ಪುಟದ ಮೇಲಿತ್ತು, ಆದರೆ ಮುಂದಕ್ಕೆ ಜರುಗುತ್ತಿರಲಿಲ್ಲ. ಪಕ್ಕದವನು ಪಿಸುಗುಟ್ಟಿದ್ದನ್ನು ಕೇಳಿಸಿಕೊಂಡು ಹೇಳುತ್ತಿದ್ದ. ಕಿವಿ ಕೆಂಪಾಗಿತ್ತು. ಮಕ್ಕಳಿಗೆ ಯೇಸುವಿನ ಪ್ರೀತಿ ಕಲಿಸುತ್ತಿದ್ದ ನನಗೆ ಅದು ಕಂಡಿರಲೇ ಇಲ್ಲ.

ಅವತ್ತು ರಾತ್ರಿ ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು 18ನೇ ಅಧ್ಯಾಯ ಓದಿದೆ. ಅಪೊಲ್ಲೋಸ ಒಳ್ಳೆಯ ಮಾತುಗಾರ, ಶಾಸ್ತ್ರ ಬಲ್ಲವನು. ಆದರೆ ಅವನಿಗೆ ಗೊತ್ತಿದ್ದದ್ದು ಯೋಹಾನ ಪಶ್ಚಾತ್ತಾಪಕ್ಕೆ ಕೊಡುತ್ತಿದ್ದ ದೀಕ್ಷಾಸ್ನಾನ ಮಾತ್ರ, ಯೇಸುವಿನ ಹೆಸರಿನದಲ್ಲ. ಅವನನ್ನು ಕರೆದುಕೊಂಡು ಹೋಗಿ ಬಿಡಿಸಿ ಹೇಳಿದವರು ಗುಡಾರ ಮಾಡಿ ಬದುಕುತ್ತಿದ್ದ ಗಂಡ ಹೆಂಡತಿ, ಅಕ್ವಿಲ ಮತ್ತು ಪ್ರಿಸ್ಕಿಲ್ಲ. ಅವನು ಏನಂದ ಅಂತ ಅಲ್ಲಿ ಬರೆದಿಲ್ಲ. ಮುಂದೆ ಗ್ರೀಸಿನ ಅಖಾಯಕ್ಕೆ ಹೋಗಿ ವಿಶ್ವಾಸಿಗಳಿಗೆ ತುಂಬಾ ಸಹಾಯ ಮಾಡಿದ ಅಂತ ಇದೆ. ಅಲ್ಲಿಗೆ ನನ್ನ ಸಿಟ್ಟು ಇಳಿಯಿತು. ಆದರೂ ಆ ಹುಡುಗಿಗೆ ಫೋನ್ ಮಾಡಿ 'ನೀನು ಹೇಳಿದ್ದು ಸರಿ ಕಣಮ್ಮಾ' ಅನ್ನೋಕೆ ಮತ್ತೆ ನಾಲ್ಕು ದಿನ ಬೇಕಾಯಿತು.

ಸಭೆಯ ಹಿರಿಯರೊಬ್ಬರು:
ವಿಮೋಚನಕಾಂಡ 18 ಕೂಡ ಓದಿ ತಮ್ಮಾ. ಬೆಳಗಿನಿಂದ ಸಂಜೆವರೆಗೆ ಇಸ್ರಾಯೇಲ್ಯರ ನಾಯಕ ಮೋಶೆ ಒಬ್ಬನೇ ಜನರ ನ್ಯಾಯ ತೀರಿಸುತ್ತಿದ್ದ. ಮಾವ ಇತ್ರೋ, ನೀನು ಮಾಡುತ್ತಿರುವುದು ಒಳ್ಳೆಯದಲ್ಲ, ಕೆಲಸವನ್ನು ಬೇರೆಯವರಿಗೂ ಹಂಚು ಅಂದ. ಮೋಶೆ ಕೇಳಿದ, ಹಾಗೇ ಮಾಡಿದ. ಇತ್ರೋ ಇಸ್ರಾಯೇಲ್ಯನಲ್ಲ, ಮಿದ್ಯಾನಿನ ಯಾಜಕ. ನಮ್ಮ ಪಂಗಡದವರಲ್ಲ ಅನ್ನುವ ಒಂದೇ ಕಾರಣಕ್ಕೆ ನಾನು ಎಷ್ಟು ಒಳ್ಳೆ ಮಾತುಗಳನ್ನು ಕೇಳಿಸಿಕೊಳ್ಳದೆ ಬಿಟ್ಟಿದ್ದೇನೆ. ಅದು ಈಗಲೂ ನೋಯುತ್ತದೆ.

ಯೂತ್ ಸೇವೆಯಲ್ಲಿರುವ ತಂಗಿ:
ಒಂದು ಮಾತು ಸೇರಿಸುತ್ತೇನೆ. ತಗ್ಗುವುದು ಅಂದರೆ ಎಲ್ಲದಕ್ಕೂ ತಲೆಯಾಡಿಸುವುದಲ್ಲ. ನಾನು ಎರಡು ವರ್ಷ ಹಾಗೆ ಮಾಡಿ ಒಳಗೆ ಕಹಿ ತುಂಬಿಕೊಂಡೆ. ಅಪೊಸ್ತಲ ಪೇತ್ರ ತಪ್ಪಿದಾಗ ಪೌಲ ಎದುರಿಗೇ ಹೇಳಿದ, ಗಲಾತ್ಯದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿದೆ. ಈಗ ಯಾರಾದರೂ ತಪ್ಪು ತೋರಿಸಿದರೆ, 'ಇನ್ನೊಂಚೂರು ಬಿಡಿಸಿ ಹೇಳಿ' ಅನ್ನುತ್ತೇನೆ. ಅವರ ಹೆಸರು ಹೇಳಿ ಪ್ರಾರ್ಥನೆ ಮಾಡಿದ ಮೇಲೇ ಉತ್ತರ ಕೊಡುತ್ತೇನೆ.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ವಂದನೆ. ಈ ಶನಿವಾರ ಪ್ರ್ಯಾಕ್ಟೀಸ್‌ಗೆ ಆ ತಮ್ಮನನ್ನು ಅರ್ಧ ಗಂಟೆ ಮೊದಲೇ ಬರೋಕೆ ಹೇಳಿದ್ದೇನೆ. ಪ್ರತಿ ಹಾಡಿನ ಶ್ರುತಿ ಇಬ್ಬರೂ ಕೂತು ನೋಡುತ್ತೇವೆ. ಚುಚ್ಚುವುದು ಪೂರ್ತಿ ಹೋಗಿಲ್ಲ, ಪ್ರಾರ್ಥಿಸಿ. ಅಕ್ಕಾ, ಆ ಹುಡುಗ ಈಗ ಓದುತ್ತಾನಾ?

ಸಂಡೇ ಸ್ಕೂಲ್ ಟೀಚರ್:
ಓದುತ್ತಾನೆ ಅಣ್ಣಾ, ನಿಧಾನವಾಗಿ. ಆ ಹುಡುಗಿಯೇ ಕಲಿಸುತ್ತಿದ್ದಾಳೆ.