ಪ್ರಶ್ನೋತ್ತರ: ರೋಬೊಕಾನ್ ಮುಗಿದ ಮೇಲಿನ ಬಿಡುವಿನ ತಿಂಗಳುಗಳಲ್ಲಿ ತಂಡ ಮಾಡಬೇಕಾದದ್ದೇನು?

ನಿರ್ವಾಹಕರು: ಈ ಗುಂಪಿನಲ್ಲಿ ಹೆಚ್ಚಿನವರು ನಮ್ಮ ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳ ರೋಬೊಕಾನ್ ತಂಡಗಳ ವಿದ್ಯಾರ್ಥಿಗಳು; ರೋಬೊಕಾನ್ ಎಂದರೆ ವಿದ್ಯಾರ್ಥಿಗಳು ತಾವೇ ಕಟ್ಟಿದ ರೋಬೊಟ್‌ಗಳಿಂದ ಆಡುವ ವಾರ್ಷಿಕ ಸ್ಪರ್ಧೆ. ಜುಲೈನಲ್ಲಿ ದೆಹಲಿಯ ರಾಷ್ಟ್ರೀಯ ಸ್ಪರ್ಧೆ ಮುಗಿದ ಮೇಲೆ ಮುಂದಿನ ವರ್ಷದ ಆಟದ ನಿಯಮಗಳು ಕೈಸೇರುವವರೆಗಿನ ಬಿಡುವನ್ನು ಹೇಗೆ ಬಳಸಿಕೊಳ್ಳಬೇಕೆಂದು ಹಲವರು ಕೇಳಿದ್ದೀರಿ. ವಿದ್ಯಾರ್ಥಿದೆಸೆಯಲ್ಲಿ ತಾವೂ ರೋಬೊಕಾನ್ ತಂಡದಲ್ಲಿದ್ದು, ಈಗ ಬೆಂಗಳೂರಿನಲ್ಲಿ ಕಾರ್ಖಾನೆಯ ರೋಬೊಟ್‌ಗಳ ನಿಯಂತ್ರಣ ವ್ಯವಸ್ಥೆಗಳನ್ನು ರೂಪಿಸುತ್ತಿರುವ ಎಂಜಿನಿಯರ್ ಮೇಡಂ ಇಂದು ಉತ್ತರಿಸಲು ಒಪ್ಪಿದ್ದಾರೆ. ಪ್ರಶ್ನೆ ಕೇಳುವ ಮುನ್ನ ಈಗಾಗಲೇ ಬಂದಿರುವ ಉತ್ತರಗಳನ್ನು ದಯವಿಟ್ಟು ಓದಿರಿ.

ದಾವಣಗೆರೆಯ ತಂಡದ ನಾಯಕ: ನಮಸ್ಕಾರ ಮೇಡಂ. ಈ ಬಾರಿ ನಾವು ಲೀಗ್ ಹಂತದಲ್ಲೇ ಹೊರಬಿದ್ದೆವು. ಅಂತಿಮ ವರ್ಷದವರು ಕಾಲೇಜು ಬಿಡುತ್ತಿದ್ದಾರೆ, ಉಳಿದವರು ಏಳು ಮಂದಿ. ರೋಬೊಟ್ ಬಿಚ್ಚಿ ಮೋಟರ್‌ಗಳನ್ನು ತೆಗೆದಿಟ್ಟುಕೊಂಡು ಹೊಸದನ್ನು ಆರಂಭಿಸೋಣ ಎಂದು ತಂಡದಲ್ಲಿ ಅಭಿಪ್ರಾಯವಿದೆ. ನಾವು ಮೊದಲು ಯಾವ ಕೆಲಸ ಹಿಡಿಯಬೇಕು?

ಎಂಜಿನಿಯರ್: ನಮಸ್ಕಾರ. ರೋಬೊಟ್ ಅನ್ನು ಈಗಲೇ ಬಿಚ್ಚಬೇಡಿ. ದೆಹಲಿಯಿಂದ ಬಂದ ಸ್ಥಿತಿಯಲ್ಲೇ ಅದನ್ನು ನೆಲಕ್ಕಿಳಿಸಿ, ಎರಡು ಮೀಟರ್ ಬದಿಯ ಚೌಕವೊಂದನ್ನು ಬರೆದು, ಅದರ ಅಂಚಿನಲ್ಲಿ ರೋಬೊಟ್ ತಾನಾಗಿ ಒಂದು ಸುತ್ತು ಹೋಗಿ ಹೊರಟ ಜಾಗಕ್ಕೇ ಮರಳುವಂತೆ ಮಾಡಿ. ಎಡಸುತ್ತು ಹತ್ತು ಸಲ, ಬಲಸುತ್ತು ಹತ್ತು ಸಲ ಓಡಿಸಿ, ಪ್ರತಿ ಸಲವೂ ಅದು ನಿಂತ ಜಾಗವನ್ನು ಸೀಮೆಸುಣ್ಣದಿಂದ ಗುರುತಿಸಿ. ಎಡಸುತ್ತಿನ ಗುರುತುಗಳು ಒಂದು ಕಡೆ, ಬಲಸುತ್ತಿನವು ಒಂದು ಕಡೆ, ಹೊರಟ ಜಾಗದಿಂದ ದೂರ ಗುಂಪುಗೂಡಿದ್ದರೆ ಚಕ್ರದ ವ್ಯಾಸವನ್ನೋ ಚಕ್ರಗಳ ನಡುವಿನ ಅಂತರವನ್ನೋ ನೀವು ಪ್ರೋಗ್ರಾಮಿಗೆ ತಪ್ಪಾಗಿ ಕೊಟ್ಟಿದ್ದೀರಿ; ಅದನ್ನು ಲೆಕ್ಕದಲ್ಲೇ ತಿದ್ದಬಹುದು. ಚೆದುರಿದ್ದರೆ ಚಕ್ರ ಜಾರುತ್ತಿದೆ ಅಥವಾ ಎಲ್ಲೋ ಒಂದು ಜೋಡಣೆ ಸಡಿಲವಾಗಿದೆ. ಅದು ಯಾವ ಪ್ರೋಗ್ರಾಮಿನಿಂದಲೂ ಸರಿಹೋಗುವುದಿಲ್ಲ. ಪಕ್ಕಕ್ಕೂ ಚಲಿಸಬಲ್ಲ ಓಮ್ನಿ ಮತ್ತು ಮೆಕಾನಮ್ ಚಕ್ರಗಳು ಜಾರುವುದು ಹೆಚ್ಚಾದ್ದರಿಂದ, ಮೋಟರಿನ ಎನ್‌ಕೋಡರ್ (ಸುತ್ತು ಎಣಿಸುವ ಸಾಧನ) ಹೇಳುವ ದೂರವನ್ನು ಪೂರ್ತಿ ನಂಬದೆ, ಮೋಟರಿಲ್ಲದ ಸಣ್ಣ ಅಳತೆಯ ಚಕ್ರಗಳನ್ನು ಸ್ಪ್ರಿಂಗಿನಿಂದ ನೆಲಕ್ಕೊತ್ತಿ ಅಳವಡಿಸುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಕಾಲ ಬಾರದು.

ಆಟ ಪ್ರತಿ ವರ್ಷ ಬದಲಾಗುವಾಗ ಈಗ ಕಟ್ಟಿದ್ದು ಉಪಯೋಗಕ್ಕೆ ಬರುವುದೇ ಎಂದು ನೀವು ಕೇಳಬಹುದು. ಆಟವನ್ನು ಗೊತ್ತುಮಾಡುವುದು ಆಯಾ ವರ್ಷದ ಅಂತರರಾಷ್ಟ್ರೀಯ ಸ್ಪರ್ಧೆಯ ಆತಿಥೇಯ ದೇಶ: 2023ರಲ್ಲಿ ಕಾಂಬೋಡಿಯಾದ ಆಟದಲ್ಲಿ ಬಳೆಗಳನ್ನು ಕಂಬಗಳಿಗೆ ಎಸೆಯಬೇಕಿತ್ತು, 2024ರಲ್ಲಿ ವಿಯೆಟ್ನಾಮಿನ ಆಟದಲ್ಲಿ ಸಸಿ ನೆಟ್ಟು ಭತ್ತವನ್ನು ಕಣಜಕ್ಕೆ ತುಂಬಬೇಕಿತ್ತು, 2025ರಲ್ಲಿ ಮಂಗೋಲಿಯಾದವರು ಬಾಸ್ಕೆಟ್‌ಬಾಲ್ ಕೊಟ್ಟರು. ಮೂರರಲ್ಲೂ ಎಲ್ಲ ದಿಕ್ಕಿಗೂ ಚಲಿಸುವ ಬುಡ ಬೇಕಾಯಿತು, ತಾನೆಲ್ಲಿದ್ದೇನೆಂದು ರೋಬೊಟ್‌ಗೆ ತಿಳಿಯಬೇಕಾಯಿತು, ವಸ್ತುವನ್ನು ಹಿಡಿದು ಬಿಡುವ ಕೈ ಬೇಕಾಯಿತು. ನಿಯಮಗಳು ಬಂದ ದಿನ ಈ ಮೂರೂ ಸಿದ್ಧವಿರುವ ತಂಡವು ಆ ದಿನದಿಂದಲೇ ಆಟದ ಬಗ್ಗೆ ಯೋಚಿಸುತ್ತದೆ; ಉಳಿದ ತಂಡಗಳು ತಿಂಗಳುಗಟ್ಟಲೆ ಚಕ್ರ ಜೋಡಿಸುತ್ತಿರುತ್ತವೆ.

ಅಂತಿಮ ವರ್ಷದವರು ಊರಿಗೆ ಹೊರಡುವ ಮುನ್ನ ಅವರನ್ನು ರೋಬೊಟ್ ಪಕ್ಕದಲ್ಲಿ ಕೂರಿಸಿ, ಪ್ರತಿ ತಂತಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಪ್ರತಿ ಸಂಖ್ಯೆಯನ್ನು ಪ್ರೋಗ್ರಾಮಿನಲ್ಲಿ ಏಕೆ ಹಾಗೆ ಇಟ್ಟರು ಎಂಬುದನ್ನು ಕೇಳಿ ಬರೆದುಕೊಳ್ಳಿ. ಅವರು ಕೆಲಸಕ್ಕೆ ಸೇರಿದ ಮೇಲೆ ಫೋನಿನಲ್ಲಿ ಕೇಳಿ ತಿಳಿಯಬಹುದೆಂಬ ಭರವಸೆ ಬೇಡ. ನಮ್ಮ ತಂಡವು ಹಾಗೆ ನಂಬಿಕೊಂಡು ಒಂದು ಇಡೀ ವರ್ಷ ಕಳೆದುಕೊಂಡಿತು.

ಬೆಳಗಾವಿಯ ವಿದ್ಯಾರ್ಥಿ: ಮೇಡಂ, ಹೊಸದಾಗಿ ಸೇರಿದವರಿಗೆ ಆರ್ಡುಯಿನೊ (ಕಲಿಯುವವರ ಸರಳ ನಿಯಂತ್ರಕ ಬೋರ್ಡ್) ಕಲಿಸಬೇಕೇ, ನೇರವಾಗಿ ರಾಸ್ 2 (ರೋಬೊಟ್‌ನ ಪ್ರೋಗ್ರಾಮ್‌ಗಳನ್ನು ಒಟ್ಟುಗೂಡಿಸುವ ತಂತ್ರಾಂಶ) ಕಲಿಸಬೇಕೇ?

ಎಂಜಿನಿಯರ್: ಎರಡು ವಾರ ಆರ್ಡುಯಿನೊ ಸಾಕು. ಆಮೇಲೆ ಎಸ್‌ಟಿಎಂ32ರಂತಹ ನಿಯಂತ್ರಕದಲ್ಲಿ ಟೈಮರ್, ಎನ್‌ಕೋಡರ್ ಎಣಿಕೆ ಮತ್ತು ನಿಯಂತ್ರಕಗಳು ಪರಸ್ಪರ ಮಾತಾಡುವ ಕ್ಯಾನ್ ಬಸ್ ಕಲಿಸಿ. ಒಂದು ಮೋಟರಿನ ವೇಗವನ್ನು ಪಿಐಡಿಯಿಂದ (ವ್ಯತ್ಯಾಸ ನೋಡಿ ತಾನೇ ತಿದ್ದಿಕೊಳ್ಳುವ ಲೆಕ್ಕದಿಂದ) ಸ್ಥಿರವಾಗಿಡಲು ಬಂದವರಿಗೆ ಮಾತ್ರ ರಾಸ್ 2 ಕೊಡಿ.

ಮಂಗಳೂರಿನ ವಿದ್ಯಾರ್ಥಿ: ಮೇಡಂ, ಸ್ಪರ್ಧೆಯಿಂದ ಬಂದ ಮೇಲೆ ನಮ್ಮ ಆರು ಲಿಪೊ (ಲಿಥಿಯಂ ಪಾಲಿಮರ್) ಬ್ಯಾಟರಿಗಳನ್ನು, ಎಲ್ಲವೂ ಆರು ಸೆಲ್‌ಗಳ 5000 ಮಿಲಿಆಂಪಿಯರ್ ಅವರ್‌ನವು, ಪೂರ್ತಿ ಚಾರ್ಜ್ ಆಗಿದ್ದಂತೆಯೇ ತೆಗೆದಿಟ್ಟಿದ್ದೆವು. ಈಗ ಎರಡು ಬ್ಯಾಟರಿಗಳು ದಿಂಬಿನಂತೆ ಊದಿಕೊಂಡಿವೆ. ಸೂಜಿಯಿಂದ ಚುಚ್ಚಿ ಗಾಳಿ ತೆಗೆದು ಟೇಪ್ ಅಂಟಿಸಿದರೆ ಮತ್ತೆ ಬಳಸಬಹುದೆಂಬ ಸಂದೇಶವೊಂದು ನಮ್ಮ ತಂಡದ ಗುಂಪಿಗೆ ಬಂದಿದೆ. ಹಾಗೆ ಮಾಡಬಹುದೇ?

ಎಂಜಿನಿಯರ್: ಮಾಡಬಾರದು. ಉಳಿದದ್ದನ್ನು ವಿವರಿಸುವ ಮುನ್ನ ನನಗೆ ಎರಡು ವಿಷಯ ತಿಳಿಸಿ: ಆ ಎರಡು ಬ್ಯಾಟರಿಗಳು ಈಗ ಎಲ್ಲಿವೆ, ಯಾರಾದರೂ ಅವನ್ನು ಚುಚ್ಚಿದ್ದಾರೆಯೇ?

ಮಂಗಳೂರಿನ ವಿದ್ಯಾರ್ಥಿ: ಯಾರೂ ಚುಚ್ಚಿಲ್ಲ. ಲ್ಯಾಬ್‌ಗೆ ಬೀಗ ಹಾಕಿರುವುದರಿಂದ ಆರೂ ಬ್ಯಾಟರಿಗಳು ಹಾಸ್ಟೆಲ್‌ನ ನನ್ನ ಕೋಣೆಯಲ್ಲಿ, ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆಯಲ್ಲಿವೆ.

ಎಂಜಿನಿಯರ್: ಇದನ್ನು ಓದಿದ ಕೂಡಲೇ ಎದ್ದು ಕೆಲಸ ಮಾಡಿ. ನಿಮ್ಮ ಒಂದು ಬ್ಯಾಟರಿಯಲ್ಲಿ 111 ವ್ಯಾಟ್ ಅವರ್, ಅಂದರೆ ಸುಮಾರು ನಾಲ್ಕು ಲಕ್ಷ ಜೂಲ್ ಶಕ್ತಿಯಿದೆ, ಮತ್ತು ಅದರ ಮೇಲೆ ಒಬ್ಬರು ನಿದ್ರಿಸುತ್ತಿದ್ದೀರಿ. ಊದಿದ ಎರಡನ್ನೂ ಒತ್ತದೆ, ಬಗ್ಗಿಸದೆ, ಚಾರ್ಜರಿಗೆ ಸಿಕ್ಕಿಸದೆ, ಒಣ ಮರಳು ಹಾಕಿದ ಕಬ್ಬಿಣದ ಬಕೆಟ್‌ನಲ್ಲೋ ದೊಡ್ಡ ಮಣ್ಣಿನ ಕುಂಡದಲ್ಲೋ ಬೇರೆ ಬೇರೆಯಾಗಿ ಇಟ್ಟು, ಮಳೆ ಬೀಳದ, ಕಟ್ಟಡದಿಂದ ದೂರವಿರುವ ಬಯಲು ಜಾಗಕ್ಕೆ ಸಾಗಿಸಿ. ಗಾಳಿಯಾಡದಂತೆ ಮುಚ್ಚಳ ಬಿಗಿಯಬೇಡಿ. ಒಳಗೆ ಅನಿಲ ಹೊಮ್ಮಿದರೆ ಆ ಪೆಟ್ಟಿಗೆಯೇ ಸಿಡಿಯುತ್ತದೆ. ಬ್ಯಾಟರಿ ಮುಟ್ಟಿದಾಗ ಬೆಚ್ಚಗಿದ್ದರೆ ಅಥವಾ ಸಿಹಿಯಾದ ರಾಸಾಯನಿಕ ವಾಸನೆ ಬರುತ್ತಿದ್ದರೆ, ಎತ್ತುವ ಸಾಹಸ ಮಾಡದೆ ಕೋಣೆ ಖಾಲಿ ಮಾಡಿ 101ಕ್ಕೆ ಕರೆ ಮಾಡಿ. ಎರಡರಲ್ಲಿ ಯಾವುದೇ ಆದರೂ ವಾರ್ಡನ್‌ಗೆ ತಿಳಿಸಿ. ಬೈಗುಳ ಕೇಳಬೇಕಾದೀತೆಂದು ಮುಚ್ಚಿಡಬೇಡಿ.

ಚುಚ್ಚಬಾರದೇಕೆಂದು ಈಗ ಹೇಳುತ್ತೇನೆ, ಏಕೆಂದರೆ ಈ ಸಂದೇಶ ಇನ್ನೂ ಅನೇಕ ಗುಂಪುಗಳಲ್ಲಿ ಸುತ್ತುತ್ತಿದೆ. ಪೂರ್ತಿ ಚಾರ್ಜ್ ಆಗಿ, ಸೆಲ್‌ಗೆ 4.2 ವೋಲ್ಟ್‌ನಲ್ಲಿ, ಅದರಲ್ಲೂ ಸೆಕೆಯಲ್ಲಿ ವಾರಗಟ್ಟಲೆ ಇಟ್ಟ ಬ್ಯಾಟರಿಯೊಳಗೆ ಎಲೆಕ್ಟ್ರೊಲೈಟ್ ಎಂಬ ದ್ರಾವಣ ಒಡೆದು ಅನಿಲವಾಗುತ್ತದೆ, ಊತವೆಂದರೆ ಅದೇ. ಆ ಅನಿಲದಲ್ಲಿ ಹೊತ್ತಿಕೊಳ್ಳುವ ಅಂಶಗಳಿವೆ. ಒಳಗಿನ ಧನ ಮತ್ತು ಋಣ ಪದರಗಳ ನಡುವೆ ಇರುವುದು ಕೂದಲಿಗಿಂತ ತೆಳುವಾದ ಪ್ಲಾಸ್ಟಿಕ್ ಪೊರೆ. ಸೂಜಿ ಅದನ್ನು ದಾಟಿದರೆ ಎರಡೂ ಪದರಗಳು ಸೂಜಿಯ ಮೂಲಕವೇ ಕೂಡಿಕೊಂಡು, ಇಡೀ ಶಕ್ತಿ ಒಂದೇ ಬಿಂದುವಿನಲ್ಲಿ ಬಿಸಿಯಾಗಿ ಹೊರಬೀಳುತ್ತದೆ. ಉರಿಯುವ ಲಿಪೊ ಬ್ಯಾಟರಿಯ ಹೊಗೆಯಲ್ಲಿ ಹೈಡ್ರೋಜನ್ ಫ್ಲೋರೈಡ್ ಇರುತ್ತದೆ, ಅದು ಶ್ವಾಸಕೋಶವನ್ನು ಸುಡುತ್ತದೆ. ಸೂಜಿ ಅದೃಷ್ಟವಶಾತ್ ಪದರಕ್ಕೆ ತಗಲದಿದ್ದರೂ, ಆ ತೂತಿನಿಂದ ನಿಮ್ಮ ಕರಾವಳಿಯ ತೇವ ಒಳಸೇರಿ ಸೆಲ್ ಮತ್ತಷ್ಟು ಕೆಡುತ್ತದೆ. ಟೇಪ್ ಇದ್ಯಾವುದನ್ನೂ ತಡೆಯುವುದಿಲ್ಲ.

ಊದದ ನಾಲ್ಕನ್ನು ಚಾರ್ಜರಿನ ಸ್ಟೋರೇಜ್ (ತೆಗೆದಿಡುವ) ವಿಧಾನದಲ್ಲಿ ಸೆಲ್‌ಗೆ 3.8 ವೋಲ್ಟ್, ಒಟ್ಟು 22.8 ವೋಲ್ಟ್‌ಗೆ ಇಳಿಸಿ. ಆ ವಿಧಾನ ನಿಮ್ಮ ಚಾರ್ಜರಿನಲ್ಲಿ ಇಲ್ಲದಿದ್ದರೆ ಲಾರಿಗೆ ಹಾಕುವ 24 ವೋಲ್ಟ್, 21 ವ್ಯಾಟ್ ಬಲ್ಬನ್ನು ಜೋಡಿಸಿ, ವೋಲ್ಟ್‌ಮೀಟರ್ ಹಿಡಿದು ಪಕ್ಕದಲ್ಲೇ ಕುಳಿತಿರಿ. ಸುಮಾರು ಮೂರು ಗಂಟೆ ಹಿಡಿಯುತ್ತದೆ. ಬಿಡುವಿನ ತಿಂಗಳುಗಳ ಮೊದಲ ಕೆಲಸ ಇದೇ ಆಗಿರಬೇಕಿತ್ತು. ದಾವಣಗೆರೆಯವರಿಗೆ ಉತ್ತರಿಸುವಾಗ ನಾನು ಇದನ್ನು ಹೇಳದೇ ಹೋದದ್ದು ನನ್ನ ತಪ್ಪು.

ತುಮಕೂರಿನ ಸದಸ್ಯ: ಮೇಡಂ ಅನಗತ್ಯವಾಗಿ ಹೆದರಿಸುತ್ತಿದ್ದಾರೆ ಎನಿಸುತ್ತದೆ. ನಮ್ಮ ಮೊಬೈಲ್ ರಿಪೇರಿ ಅಂಗಡಿಯವರು ಹತ್ತು ವರ್ಷಗಳಿಂದ ಊದಿದ ಬ್ಯಾಟರಿಗಳನ್ನು ಚುಚ್ಚಿ ಸರಿಪಡಿಸುತ್ತಿದ್ದಾರೆ, ಏನೂ ಆಗಿಲ್ಲ.

ಎಂಜಿನಿಯರ್: ಫೋನಿನ ಬ್ಯಾಟರಿ ಸಾಮಾನ್ಯವಾಗಿ ಒಂದೇ ಸೆಲ್‌ನದು, ಅದರ ಶಕ್ತಿ ಇದರದ್ದಕ್ಕಿಂತ ಬಹಳ ಕಡಿಮೆ. ಅದನ್ನೂ ಚುಚ್ಚಬಾರದು. ಏನೂ ಆಗಿಲ್ಲ ಎನ್ನುವವರು ಏನಾದರೂ ಆದವರನ್ನು ಭೇಟಿ ಮಾಡಿಲ್ಲ, ಅಷ್ಟೆ.

ಹಾಸನದ ಸದಸ್ಯ: ನನಗೆ ಬಂದ ಸಂದೇಶವನ್ನು ಹಂಚಿಕೊಳ್ಳುತ್ತಿದ್ದೇನೆ: ಊದಿದ ಬ್ಯಾಟರಿಯನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಟ್ಟರೆ ಊತ ಇಳಿಯುತ್ತದೆ, ಇಲ್ಲವಾದರೆ ಉಪ್ಪುನೀರಿನಲ್ಲಿ ಮುಳುಗಿಸಿದರೆ ಸುರಕ್ಷಿತವಾಗುತ್ತದೆ.

ಎಂಜಿನಿಯರ್: ತಣ್ಣಗಾದಾಗ ಅನಿಲ ಕುಗ್ಗಿ ಊತ ಇಳಿದಂತೆ ಕಾಣುತ್ತದೆ, ಸೆಲ್ ಮಾತ್ರ ಕೆಟ್ಟೇ ಇರುತ್ತದೆ, ಮತ್ತು ಆ ಫ್ರೀಜರ್‌ನಲ್ಲಿ ಮನೆಯವರ ಆಹಾರವಿರುತ್ತದೆ. ಉಪ್ಪುನೀರು ಮೊದಲು ತಿನ್ನುವುದು ಹೊರಗಿನ ಲೋಹದ ಪಟ್ಟಿಗಳನ್ನು. ಪಟ್ಟಿ ಕಡಿದುಹೋದ ಮೇಲೆ ಸೆಲ್‌ನೊಳಗಿನ ಚಾರ್ಜ್ ಹಾಗೆಯೇ ಉಳಿಯುತ್ತದೆ, ಆದರೆ ಅದನ್ನು ಅಳೆಯುವ ದಾರಿಯೂ ಇರುವುದಿಲ್ಲ. ಸಂದೇಶಗಳನ್ನು ಇಲ್ಲಿಗೆ ಸಾಗಿಸುವ ಮುನ್ನ ಅವುಗಳ ಮಾತು ಕೇಳಿ ಒಬ್ಬ ಹುಡುಗ ಸೂಜಿ ಎತ್ತಿಕೊಳ್ಳಬಹುದು ಎಂಬುದನ್ನು ಯೋಚಿಸಿ.

ಕಲಬುರಗಿಯ ವಿದ್ಯಾರ್ಥಿ: ಆರ್ಡುಯಿನೊ ಉತ್ತಮವೋ ರಾಸ್ ಉತ್ತಮವೋ ಮೇಡಂ?

ಎಂಜಿನಿಯರ್: ಮೇಲೆ ಉತ್ತರಿಸಿದ್ದೇನೆ.

ಶಿವಮೊಗ್ಗದ ಪೋಷಕರು: ಎಂಜಿನಿಯರ್ ಮೇಡಂ ಅವರಿಗೆ ನಮಸ್ಕಾರ. ನನ್ನ ಮಗ ಕಳೆದ ಸೆಮಿಸ್ಟರ್‌ನಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣನಾಗಿದ್ದಾನೆ. ಸ್ಪರ್ಧೆ ಮುಗಿದ ಮೇಲೂ ರಾತ್ರಿ ಹನ್ನೊಂದರವರೆಗೆ ಲ್ಯಾಬ್‌ನಲ್ಲಿರುತ್ತಾನೆ. ಬಿಡುವೆಂದರೆ ಓದುವ ಕಾಲವಲ್ಲವೇ?

ಬೆಂಗಳೂರಿನ ಹಿರಿಯ ವಿದ್ಯಾರ್ಥಿ: ಸರ್, ತಾವು ತಪ್ಪು ತಿಳಿಯಬಾರದು. ಈ ಕೆಲಸಕ್ಕೆ ಸಮಯ ಕೊಡಲಾಗದವರು ತಂಡಕ್ಕೆ ಸೇರಲೇಬಾರದು. ನಾವು ವರ್ಷವಿಡೀ ಒಂದು ದಿನವೂ ರಜೆ ತೆಗೆದುಕೊಂಡವರಲ್ಲ.

ಶಿವಮೊಗ್ಗದ ಪೋಷಕರು: ನಾನು ಪ್ರಶ್ನೆ ಕೇಳಿದ್ದು ಮೇಡಂ ಅವರನ್ನು. ಶುಲ್ಕ ಕಟ್ಟುವವರು ನಾವು, ನೀವಲ್ಲ.

ಮೈಸೂರಿನ ವಿದ್ಯಾರ್ಥಿನಿ: ವರ್ಷವಿಡೀ ದುಡಿದೆವು ಎನ್ನುವ ಹಿರಿಯರು ಕೆಲಸವನ್ನು ಹೇಗೆ ಹಂಚಿದರೆಂದೂ ಹೇಳಬೇಕು. ನಾನು ಎರಡು ವರ್ಷ ತಂಡದಲ್ಲಿದ್ದೇನೆ. ನನಗೆ ಸಿಕ್ಕಿದ್ದು ಪ್ರಾಯೋಜಕರಿಗೆ ಪತ್ರ ಬರೆಯುವ ಮತ್ತು ವರದಿ ಸಿದ್ಧಪಡಿಸುವ ಕೆಲಸ ಮಾತ್ರ. ಲೋಹ ಕಡೆಯುವ ಲೇತ್ ಯಂತ್ರ ಮುಟ್ಟಲು ಒಮ್ಮೆಯೂ ಬಿಡಲಿಲ್ಲ.

ಬೆಂಗಳೂರಿನ ಹಿರಿಯ ವಿದ್ಯಾರ್ಥಿ: ಸ್ಪರ್ಧೆಯ ಒತ್ತಡದಲ್ಲಿ ಕೆಲಸ ಬಲ್ಲವರಿಗೇ ಕೊಡಬೇಕಾಗುತ್ತದೆ. ಇದರಲ್ಲಿ ಹುಡುಗ ಹುಡುಗಿ ಎಂಬ ಪ್ರಶ್ನೆಯನ್ನು ತರುವುದು ಸರಿಯಲ್ಲ.

ಮೈಸೂರಿನ ವಿದ್ಯಾರ್ಥಿನಿ: ಕಲಿಸದೇ ಇದ್ದವರು ಕೆಲಸ ಬರುವುದಿಲ್ಲ ಎನ್ನುವುದು ಯಾವ ನ್ಯಾಯ?

ತುಮಕೂರಿನ ಸದಸ್ಯ: ಇಲ್ಲಿ ತಾಂತ್ರಿಕ ವಿಷಯ ಚರ್ಚಿಸೋಣ. ಈ ವೈಯಕ್ತಿಕ ದೂರುಗಳನ್ನು ಬೇರೆಡೆ ಇಟ್ಟುಕೊಳ್ಳಿ.

ಎಂಜಿನಿಯರ್: ಇದು ತಾಂತ್ರಿಕ ವಿಷಯವೇ. ಲೇತ್ ಬಲ್ಲವರು ಇಬ್ಬರೇ ಇರುವ ತಂಡದಲ್ಲಿ ಒಬ್ಬರಿಗೆ ಜ್ವರ ಬಂದರೆ ರೋಬೊಟ್ ನಿಲ್ಲುತ್ತದೆ. ಸ್ಪರ್ಧೆಯ ತಿಂಗಳುಗಳಲ್ಲಿ ಬಲ್ಲವರಿಗೇ ಕೆಲಸ ಕೊಡಬೇಕೆಂಬುದನ್ನು ಒಪ್ಪುತ್ತೇನೆ. ಆ ಕಾರಣಕ್ಕಾಗಿಯೇ ಈ ತಿಂಗಳುಗಳಲ್ಲಿ ಕೆಲಸಗಳನ್ನು ಅದಲುಬದಲು ಮಾಡಬೇಕು: ಪತ್ರ ಬರೆದವರು ಲೇತ್ ಮುಂದೆ ನಿಲ್ಲಲಿ, ಲೇತ್ ಹಿಡಿದವರು ಪ್ರಾಯೋಜಕರಿಗೆ ಪತ್ರ ಬರೆಯಲಿ, ಪ್ರೋಗ್ರಾಮ್ ಬರೆದವರು ತಂತಿಯ ತುದಿಗೆ ಲಗ್ (ಲೋಹದ ಕೊಂಡಿ) ಒತ್ತಲಿ. ಈಗ ಒಂದು ಭಾಗ ಹಾಳಾದರೆ ನಷ್ಟವಾಗುವುದು ಒಂದು ಅಲ್ಯೂಮಿನಿಯಂ ತುಂಡು ಮಾತ್ರ. ಮೈಸೂರಿನವರೇ, ನಿಮ್ಮ ತಂಡದಲ್ಲಿ ಇದನ್ನು ಬರವಣಿಗೆಯಲ್ಲಿ ಕೇಳಿ, ಮಾರ್ಗದರ್ಶಕ ಅಧ್ಯಾಪಕರಿಗೂ ಪ್ರತಿ ಕೊಡಿ.

ಶಿವಮೊಗ್ಗದ ಸರ್, ನೀವು ಕೇಳಿದ್ದು ನ್ಯಾಯವಾಗಿದೆ. ಈ ತಿಂಗಳುಗಳಲ್ಲಿ ವಾರಕ್ಕೆ ಎರಡು ಸಂಜೆ, ಎಂಟು ಗಂಟೆಯವರೆಗೆ ಸಾಕು. ಬಾಕಿ ಉಳಿದ ಎರಡು ವಿಷಯಗಳನ್ನು ಮುಗಿಸುವುದೂ ತಂಡದ ಕೆಲಸವೆಂದೇ ನಿಮ್ಮ ಮಗ ತಿಳಿಯಲಿ. ಮುಂದಿನ ಜುಲೈನಲ್ಲಿ ಪರೀಕ್ಷೆಯೂ ಸ್ಪರ್ಧೆಯೂ ಒಂದೇ ವಾರಕ್ಕೆ ಬಂದರೆ ಆತ ಕಳೆದುಕೊಳ್ಳುವುದು ಎರಡನ್ನೂ.

ಬೆಂಗಳೂರಿನ ಹಿರಿಯ ವಿದ್ಯಾರ್ಥಿ: ವಾರಕ್ಕೆ ಎರಡು ಸಂಜೆಯಲ್ಲಿ ಯಾವ ತಂಡವೂ ದೆಹಲಿಯಲ್ಲಿ ಗೆದ್ದಿಲ್ಲ ಮೇಡಂ.

ಎಂಜಿನಿಯರ್: ನಾನು ಹೇಳಿದ್ದು ಬಿಡುವಿನ ತಿಂಗಳುಗಳಿಗೆ. ಮತ್ತೊಮ್ಮೆ ಓದಿ.

ಧಾರವಾಡದ ವಿದ್ಯಾರ್ಥಿ: ಹೊರದೇಶದಿಂದ ಮೋಟರ್ ತರಿಸಿದರೆ ಕಸ್ಟಮ್ಸ್ ಸುಂಕ ಎಷ್ಟಾಗುತ್ತದೆ? ಯಾವ ಮೋಟರ್ ತರಿಸುವುದು ಒಳ್ಳೆಯದು?

ಉಡುಪಿಯ ವಿದ್ಯಾರ್ಥಿನಿ: ಪ್ರಾಯೋಜಕರು ಕೊಡುವ ಹಣಕ್ಕೆ ತಂಡವು ರಸೀದಿ ಕೊಡಬೇಕೇ, ಕಾಲೇಜು ಕೊಡಬೇಕೇ?

ವಿಜಯಪುರದ ವಿದ್ಯಾರ್ಥಿ: ಮುಂದಿನ ಬಾರಿ ದೆಹಲಿಗೆ ವಿಮಾನದಲ್ಲಿ ಹೋಗುವ ಆಲೋಚನೆಯಿದೆ. ಬ್ಯಾಟರಿಗಳನ್ನು ರೋಬೊಟ್ ಪೆಟ್ಟಿಗೆಯಲ್ಲೇ ಹಾಕಿ ಕಳುಹಿಸಬಹುದೇ ಮೇಡಂ?

ಎಂಜಿನಿಯರ್: ಬಿಡಿ ಲಿಥಿಯಂ ಬ್ಯಾಟರಿಗಳನ್ನು ಚೆಕ್-ಇನ್ ಪೆಟ್ಟಿಗೆಯಲ್ಲಿ ಹಾಕುವಂತಿಲ್ಲ, ಕೈಚೀಲದಲ್ಲೇ ಒಯ್ಯಬೇಕು. 100 ವ್ಯಾಟ್ ಅವರ್ ದಾಟಿದರೆ ವಿಮಾನ ಸಂಸ್ಥೆಯ ಒಪ್ಪಿಗೆ ಬೇಕು, ಆಗಲೂ ಒಬ್ಬರಿಗೆ ಎರಡೇ. 160 ದಾಟಿದರೆ ಪ್ರಯಾಣಿಕರು ಒಯ್ಯುವಂತೆಯೇ ಇಲ್ಲ. ನಿಮ್ಮ ಬ್ಯಾಟರಿಯ ವೋಲ್ಟ್ ಮತ್ತು ಆಂಪಿಯರ್ ಅವರ್ ಗುಣಿಸಿ ನೋಡಿಕೊಳ್ಳಿ.

ಗದಗದ ವಿದ್ಯಾರ್ಥಿ: ಬಿಡುವಿನಲ್ಲಿ ಮೊದಲು ಏನು ಮಾಡಬೇಕು ಮೇಡಂ?

ಎಂಜಿನಿಯರ್: ಮೊದಲ ಪ್ರಶ್ನೆಯ ಉತ್ತರವನ್ನು ಓದಿ. ಅದಕ್ಕೂ ಮುನ್ನ ನಿಮ್ಮ ಬ್ಯಾಟರಿಗಳನ್ನು ಅಳೆಯಿರಿ.

ಮಂಗಳೂರಿನ ವಿದ್ಯಾರ್ಥಿ: ಮೇಡಂ, ವಾರ್ಡನ್ ಬಂದು ನೋಡಿದರು. ಊದಿದ ಎರಡನ್ನೂ ಮರಳಿನ ಕುಂಡಗಳಲ್ಲಿ ಇಟ್ಟು, ಮೈದಾನದ ಅಂಚಿನಲ್ಲಿರುವ, ಬಳಕೆಯಲ್ಲಿಲ್ಲದ ತಗಡಿನ ಚಪ್ಪರದ ಕೆಳಗೆ ಸಾಗಿಸಿದ್ದೇವೆ. ಉಳಿದ ನಾಲ್ಕನ್ನು ಅಳೆದಾಗ ಒಂದರಲ್ಲಿ ಒಂದು ಸೆಲ್ 2.1 ವೋಲ್ಟ್ ತೋರಿಸುತ್ತಿದೆ, ಮಿಕ್ಕ ಐದು ಸೆಲ್‌ಗಳು 4.1ರಲ್ಲಿವೆ. ಚಾರ್ಜರಿನಲ್ಲಿ ನಿಕ್ಕೆಲ್ ಬ್ಯಾಟರಿಗಳಿಗಾಗಿ ಇರುವ ವಿಧಾನದಲ್ಲಿ ಐದು ನಿಮಿಷ ಹಾಕಿದರೆ ಆ ಸೆಲ್ ಮೇಲೇಳುತ್ತದೆಂದು ನಮ್ಮ ಹಿರಿಯರೊಬ್ಬರು ಹೇಳುತ್ತಿದ್ದಾರೆ.

ಎಂಜಿನಿಯರ್: ಸಾಗಿಸಿದ್ದು ಒಳ್ಳೆಯದಾಯಿತು, ಈಗ ನೆಮ್ಮದಿಯಾಯಿತು. ನಿಕ್ಕೆಲ್ ವಿಧಾನವು ಸೆಲ್‌ಗಳನ್ನು ಒಂದೊಂದಾಗಿ ನೋಡದೆ ಇಡೀ ಬ್ಯಾಟರಿಗೆ ವಿದ್ಯುತ್ ತಳ್ಳುತ್ತದೆ, 4.1ರಲ್ಲಿರುವ ಐದೂ ಸೆಲ್‌ಗಳು 4.2 ದಾಟಿ ಉಬ್ಬಬಹುದು. 2.1ಕ್ಕೆ ಇಳಿದ ಸೆಲ್ ಒಳಗೇ ಸೋರುತ್ತಿದೆ ಅಥವಾ ತಾಮ್ರ ಕರಗಿ ಹಾಳಾಗಿದೆ. ಆ ಬ್ಯಾಟರಿಯನ್ನು ಚಾರ್ಜರಿಗೆ ಸಿಕ್ಕಿಸಬೇಡಿ, ಮೂರನೆಯ ಕುಂಡದಲ್ಲಿ ಇಡಿ. ಹೇಳಿದ ಹಿರಿಯರಿಗೆ ಈ ಉತ್ತರವನ್ನು ತೋರಿಸಿ. ಸೋಮವಾರ ಮಾರಾಟಗಾರರಿಗೆ ಪತ್ರ ಬರೆಯಿರಿ: 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಸಂಗ್ರಹಿಸಿ ಮರುಬಳಕೆಗೆ ಕಳುಹಿಸುವ ಹೊಣೆ ತಯಾರಕರ ಮತ್ತು ಆಮದುದಾರರ ಮೇಲಿದೆ. ಮನೆಯ ಕಸದೊಂದಿಗೆ ಹಾಕಬೇಡಿ, ಗುಜರಿಗೂ ಕೊಡಬೇಡಿ. ಉಳಿದ ಮೂರನ್ನು ಇಂದೇ 22.8ಕ್ಕೆ ಇಳಿಸಿ, ಸಂಜೆ ಪ್ರತಿ ಸೆಲ್‌ನ ಅಳತೆಯನ್ನು ನನಗೆ ಇಲ್ಲಿಯೇ ತಿಳಿಸಿ.

ಮಂಗಳೂರಿನ ವಿದ್ಯಾರ್ಥಿ: ಲಾರಿ ಬಲ್ಬ್ ತಂದಿದ್ದೇವೆ ಮೇಡಂ. ಮೊದಲ ಬ್ಯಾಟರಿ ಈಗ 24.1ರಲ್ಲಿದೆ. ಇಬ್ಬರು ಪಕ್ಕದಲ್ಲೇ ಕುಳಿತಿದ್ದೇವೆ.